ಚಕ್ರದ ಬಗಲು

ಕೆಳಗಿನ ಗೋದಾಮಿನಲ್ಲಿ ರಿಮೋಟಿನ ಗಾಡಿ ಮತ್ತೆ ಮಗುಚಿತು. ಮೇಲಿನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಉಮಾಶ್ರೀಗೆ ಅದು ಕಾಣುತ್ತಿರಲಿಲ್ಲ, ಸದ್ದಷ್ಟೇ ಕೇಳುತ್ತಿತ್ತು. ಮೊದಲು ದುಂಬಿ ಹಾರಿದಂಥ ಗುಂಯ್ ದನಿ, ಅದು ಏರುತ್ತ ಹೋಗಿ ತಟ್ಟನೆ ಒಂದು ಟಪ್ಪ್, ಆಮೇಲೆ ಬರಿಗಾಲಿನ ಹೆಜ್ಜೆಗಳು. ಗಂಡ ಹೋಗಿ ಎತ್ತಿ ನಿಲ್ಲಿಸಿ ಬರುತ್ತಾನೆ. ಮತ್ತೆ ಗುಂಯ್, ಮತ್ತೆ ಟಪ್ಪ್. ಹಂಚಿನ ಮೇಲಿನ ರೊಟ್ಟಿ ಉಬ್ಬಿ ಇಳಿಯುವುದರೊಳಗೆ ಇನ್ನೊಂದು ಸಲ.

ರೋಣದ ಆ ಬಾಡಿಗೆ ಮನೆಯಲ್ಲಿ ಅವರಿಬ್ಬರೇ. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಕಳಕೇಶನಿಗೆ ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳ ರಿಪೇರಿ ಕೆಲಸ, ಉಮಾಶ್ರೀಗೆ ನರಗುಂದದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ. ಬೆಳಗಾದರೆ ಅವನ ಬೈಕು ಒಂದು ದಿಕ್ಕಿಗೆ, ಇವಳ ಬಸ್ಸು ಇನ್ನೊಂದು ದಿಕ್ಕಿಗೆ. ಸಂಜೆ ಕೂಡಿದರೂ ಮಾತು "ಬಂದ್ಯಾ", "ಹ್ಞೂಂ", "ಉಣ್ಣೂಣು" ಇಷ್ಟರಲ್ಲೇ ಮುಗಿಯುತ್ತಿತ್ತು. ಕುಡಿತವಿಲ್ಲ, ಬೈಗುಳವಿಲ್ಲ, ಕೇಳಿದ್ದನ್ನು ಮರೆಯದೆ ತಂದುಕೊಡುತ್ತಾನೆ. ದೂರುವುದಕ್ಕೆ ಏನೂ ಸಿಗದ ಗಂಡನ ಮೇಲೆ ಏನೆಂದು ದೂರುವುದು? ಆದರೂ ಮೊನ್ನೆ ಹೊಳೆಮಣ್ಣೂರಿನ ತವರಿಗೆ ಫೋನು ಮಾಡಿದಾಗ ಬಾಯಿಂದ ಬಂದೇಬಿಟ್ಟಿತ್ತು. "ಯವ್ವಾ, ಈ ಮನ್ಯಾಗ ಮಾತ ಇಲ್ಲ. ಗ್ವಾಡಿ ಕೂಡ ಬಾಳೇ ಮಾಡಿದಂಗಾಗೇತಿ."

ಅವ್ವ ಸಿದ್ದವ್ವ ಹೇಳಿದ್ದಳು. "ಬರೂ ಐತಾರ ಬಾ. ನಿಮ್ಮ ಕಾಕಾನ್ನೂ ಕರಸತೇನಿ, ಕುಂತು ಮಾತಾಡೂಣು. ಅರಿವಿ ಜಾಸ್ತಿನ ತಗೊಂಡು ಬಾ."

ಜಾಸ್ತಿ ಅರಿವೆ ಅಂದರೆ ಬೇಗ ತಿರುಗಿ ಬರುವ ಮಾತಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಊಟಕ್ಕೆ ಕೂಗಿದರೆ ಕೆಳಗಿನಿಂದ ಉತ್ತರ ಬರಲಿಲ್ಲ. ಉಮಾಶ್ರೀ ಹಿಟ್ಟಿನ ಕೈ ತೊಳೆದು ಮೆಟ್ಟಿಲಿಳಿದಳು. ಕೆಳಗಿನ ಗೋದಾಮು ಮನೆಮಾಲಕ ಮೆಹಬೂಬಸುಭಾನಿಯದು. ಮದುವೆಗಳಿಗೆ ಶಾಮಿಯಾನ, ಕುರ್ಚಿ, ಹಂಡೆಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರ ಅವನದು. ಈಗ ಕುರ್ಚಿಗಳನ್ನೆಲ್ಲ ಗೋಡೆಗೆ ಒಟ್ಟಿ, ನಡುವೆ ಬೂದು ಬಣ್ಣದ ಗಟ್ಟಿ ಕಾರ್ಪೆಟ್ಟೊಂದನ್ನು ಹಾಸಿದ್ದರು. ರಿಮೋಟಿನ ಗಾಡಿಗಳ ಹುಚ್ಚು ಹತ್ತಿದ ಹುಬ್ಬಳ್ಳಿಯ ಗುಂಪೊಂದು ಬರುವ ಭಾನುವಾರ ನರಗುಂದದ ಕಲ್ಯಾಣಮಂಟಪದಲ್ಲಿ ಓಟದ ಪಂದ್ಯ ಇಟ್ಟಿತ್ತು. ಹಾಸುವ ಕೆಲಸ ಮೆಹಬೂಬಸುಭಾನಿಗೆ ಸಿಕ್ಕಿತ್ತು. ಅವರು ಕಳಿಸಿದ ಸುರುಳಿಗಳಲ್ಲಿ ಒಂದನ್ನು ಬಿಚ್ಚಿ, "ಮೊದಲ ಇಲ್ಲೇ ಓಡಿಸಿ ನೋಡಪಾ" ಎಂದು ಪಂದ್ಯಕ್ಕೆ ಹೆಸರು ಕೊಟ್ಟಿದ್ದ ಕಳಕೇಶನಿಗೆ ಬಿಟ್ಟುಕೊಟ್ಟಿದ್ದ.

ಕಾರ್ಪೆಟ್ಟಿನ ನಡುವೆ ಮೊಳದುದ್ದದ ಗಾಡಿ ಮೇಲುಕೆಳಗಾಗಿ ಬಿದ್ದಿತ್ತು. ನಾಲ್ಕೂ ಚಕ್ರ ಗಾಳಿಯಲ್ಲಿ ತಿರುಗುತ್ತಿದ್ದವು, ಬೆನ್ನಡಿಯಾದ ಜಿರಲೆಯ ಹಾಗೆ.

"ನೋಡವಾ ಉಮಾ, ಹೊಲದಾಗ ಚಿಗರಿ ಹಂಗ ಓಡೂ ಗಾಡಿ ಇದು," ಎಂದ ಮೆಹಬೂಬಸುಭಾನಿ, ಕುರ್ಚಿಯಲ್ಲಿ ಕಾಲು ಮಡಿಸಿ ಕುಳಿತು ಚಹಾ ಕುಡಿಯುತ್ತ. "ಇಲ್ಲಿ ಮೆತ್ತನ್ನ ಹಾಸಿಗಿ ಹಾಸಿ ಕೊಟ್ರ, ತಿರುವಿಗೊಮ್ಮೆ ಬೀಳತೈತಿ."

"ಯಾಕ ಬೀಳತೈತಿ?" ಉಮಾಶ್ರೀ ಕೇಳಿದಳು. ಊಟಕ್ಕೆ ಕರೆಯಲು ಬಂದವಳು ತಾನು ಎಂಬುದು ಮರೆತೇಹೋಯಿತು.

ಕಳಕೇಶ ಗಾಡಿ ಎತ್ತಿಕೊಂಡು ಅವಳ ಕಡೆ ನೋಡಿದ. ಸುಮ್ಮನೆ ಕೇಳಿದಳೋ ನಿಜಕ್ಕೂ ಬೇಕಾಗಿ ಕೇಳಿದಳೋ ಎಂದು ಅಳೆಯುವವನ ಹಾಗೆ. "ಜಾರಲಾರದ್ದಕ್ಕ ಬೀಳತೈತಿ," ಎಂದ.

"ಜಾರಿದ್ರ ಬೀಳೂದಲ್ಲೇನ್ರಿ?"

"ಅದು ಮನಶ್ಯಾಂದು. ಗಾಡೀದು ಬ್ಯಾರೆ." ಅವನು ಅವಳ ಎದುರಿಗೆ ಕುಕ್ಕುರುಗಾಲಲ್ಲಿ ಕುಳಿತು ಗಾಡಿಯನ್ನು ನೆಲಕ್ಕೊತ್ತಿ ತೋರಿಸಿದ. "ಮಣ್ಣಾಗ ತಿರುಗುವಾಗ ಚಕ್ರ ಒಂದೀಟು ಜಾರತೈತಿ. ಗಾಡಿ ಜೋರೆಲ್ಲಾ ಆ ಜಾರಿಕ್ಯಾಗ ಹೋಗಿಬಿಡತೈತಿ. ಈ ಕಾರ್ಪೆಟ್ ಜಾರಗೊಡಂಗಿಲ್ಲ, ರಟ್ಟಿ ಹಿಡದಂಗ ಹಿಡೀತೈತಿ. ಚಕ್ರ ಅಲ್ಲೇ ನಿಂದರತೈತಿ, ಮ್ಯಾಲಿಂದು ನಾ ಹೋಕ್ಕೇನಿ ಅಂತೈತಿ. ಆಗ ಪಲ್ಟಿ."

ಅಲ್ಲಿಗೆ ನಿಲ್ಲಿಸಲಿಲ್ಲ. ಹೊಲಕ್ಕೆಂದು ಮೆತ್ತಗೆ, ಎತ್ತರಕ್ಕೆ ಇಟ್ಟಿದ್ದ ಸ್ಪ್ರಿಂಗುಗಳ ಬಗ್ಗೆ ಹೇಳಿದ. ಹಿಡಿತ ಹೆಚ್ಚಾದಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರವಿರಬೇಕೆಂದ, ಅದರ ಮೈ ಬಿಗಿಯಾಗಿರಬೇಕೆಂದ. ಉಮಾಶ್ರೀಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಅವಳು ನೋಡುತ್ತಿದ್ದದ್ದು ಬೇರೆ. ಈ ಮನುಷ್ಯನ ಕೈ ಮಾತಿನ ಜತೆ ಹೀಗೆ ಆಡುತ್ತದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಮರುದಿನ ನರಗುಂದದಿಂದ ಬಸ್ಸಿಳಿದವಳು ಮನೆ ಮೆಟ್ಟಿಲು ಹತ್ತಲಿಲ್ಲ, ನೆಟ್ಟಗೆ ಗೋದಾಮಿಗೆ ಹೋದಳು. ಹಾದಿಯಲ್ಲಿನ ಯಾವಗಲ್ ಊರು ದಾಟುವಾಗಿನಿಂದ ಒಂದೇ ಪ್ರಶ್ನೆ ತಲೆಯಲ್ಲಿತ್ತು. "ಎಲ್ಲಾ ಒಮ್ಮೆ ಬದಲಿ ಮಾಡಿದ್ರ ಆಗಂಗಿಲ್ಲೇನ್ರಿ?"

"ಆಗತೈತಿ. ಆದ್ರ ಯಾವದರಿಂದ ಚಲೋ ಆತು, ಯಾವದರಿಂದ ಕೆಟ್ಟಾತು ಗೊತ್ತಾಗಂಗಿಲ್ಲ. ಒಂದು ಬದಲಿ ಮಾಡಬೇಕು, ಓಡಿಸಬೇಕು, ನೋಡಬೇಕು."

"ನಮ್ಮ ಲ್ಯಾಬಿನ್ಯಾಗೂ ಹಂಗ," ಎಂದು ಅವಳು ಬ್ಯಾಗು ಕುರ್ಚಿಯ ಮೇಲಿಟ್ಟು ಕುಳಿತಳು.

ಆ ಸಂಜೆ ಸ್ಪ್ರಿಂಗು ಬದಲಾದವು. ಮರುದಿನ ಗಾಡಿಯ ಕುಲುಕು ತಡೆಯುವ ಪುಟ್ಟ ಕೊಳವೆಗಳಲ್ಲಿನ ತೆಳ್ಳನೆಯ ಎಣ್ಣೆ ಚೆಲ್ಲಿ ಮಂದ ಎಣ್ಣೆ ತುಂಬಿದರು. ಎಣ್ಣೆಯಲ್ಲಿ ಗುಳ್ಳೆ ಉಳಿದರೆ ಗಾಡಿ ಕುಣಿಯುತ್ತದೆಂದು ಕಳಕೇಶ ಹೇಳಿದ್ದೇ, ಉಮಾಶ್ರೀ ಕೊಳವೆಯನ್ನು ಬೆಳಕಿಗೆ ಹಿಡಿದು, ರಕ್ತದ ನಳಿಕೆಗೆ ಮಾಡುವ ಹಾಗೆ, ಉಗುರಿನಿಂದ ಮೆಲ್ಲಗೆ ತಟ್ಟತೊಡಗಿದಳು. ಗುಳ್ಳೆಗಳು ಒಂದೊಂದೇ ಮೇಲೇರಿ ಒಡೆದವು. ಅವನು ಉಳಿದ ಮೂರು ಕೊಳವೆಗಳನ್ನೂ ಅವಳ ಕಡೆ ಸರಿಸಿದ.

ಗಾಡಿ ಈಗ ಮೊದಲಿನಷ್ಟು ಬೀಳುತ್ತಿರಲಿಲ್ಲ. ಆದರೆ ಪೂರ್ತಿ ವೇಗದಲ್ಲಿ ತಿರುಗಿಸಿದರೆ ಟಪ್ಪ್. ಇನ್ನಷ್ಟು ತಗ್ಗಿಸಿದರು, ಬ್ಯಾಟರಿ ಸರಿಸಿ ನೋಡಿದರು. ಆದರೂ ಅದೇ ಟಪ್ಪ್. ಕಳಕೇಶ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟ.

"ತಡೀರಿ," ಎಂದು ಉಮಾಶ್ರೀ ಸೀರೆ ಸೆರಗು ಸಿಕ್ಕಿಸಿ ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿದಳು. ತಿರುವಿನ ಹತ್ತಿರ ಗಲ್ಲ ನೆಲಕ್ಕೆ ಹಚ್ಚಿ, ಮೊಬೈಲು ಹಿಡಿದಳು. "ಈಗ ಬಿಡ್ರಿ. ಜೋರ ಬಿಡ್ರಿ."

"ಮಾರಿಗೆ ಬಡದೀತು."

"ಬಡೀಲಿ, ಬಿಡ್ರಿ."

ಮೆಹಬೂಬಸುಭಾನಿ ಚಹಾದ ಬಟ್ಟಲು ಕೆಳಗಿಟ್ಟು ನಕ್ಕ. "ಕಳಕೇಶಾ, ನಿನಗಿಂತ ಆಕೀಗೇ ಹುಚ್ಚು ಜಾಸ್ತಿ ಐತೆಪಾ."

ಗಾಡಿ ಬಂತು, ತಿರುಗಿತು, ಅವಳ ಮೂಗಿನ ಮುಂದೆಯೇ ಪಲ್ಟಿ ಹೊಡೆಯಿತು. ಚಿತ್ರವನ್ನು ನಿಧಾನಕ್ಕೆ ಓಡಿಸಿ ಮೂವರೂ ತಲೆ ಕೂಡಿಸಿ ನೋಡಿದರು. ಹೊರಬದಿಯ ಮುಂದಿನ ಚಕ್ರ ಮೊದಲು ತಳದ ಮೇಲೆ ನಿಂತಿತ್ತು. ಆಮೇಲೆ ರಬ್ಬರು ಮಡಚಿ, ಚಕ್ರದ ಪಕ್ಕೆಯೇ ಕಾರ್ಪೆಟ್ಟಿಗೆ ತಾಗಿತು. ತಾಗಿದ್ದೇ ಕಚ್ಚಿಕೊಂಡಿತು. ಅಲ್ಲಿಂದ ಗಾಡಿ ಎದ್ದಿತು.

"ತಳದಾಗ ತಪ್ಪೇನೂ ಇಲ್ಲ ನೋಡ್ರಿ," ಎಂದಳು ಉಮಾಶ್ರೀ. "ಇದು ಬಗಲಾಗ ಹಿಡಿಯಾಕತ್ತೇತಿ. ಚಕ್ರದ ಬಗಲಾಗ."

ಕಳಕೇಶ ಚಿತ್ರವನ್ನು ಮತ್ತೊಮ್ಮೆ ನೋಡಿದ, ಇನ್ನೊಮ್ಮೆ ನೋಡಿದ. "ಕೆಲವರು ಅಲ್ಲಿ ಅಂಟು ಹಚ್ಚತಾರಂತ," ಎಂದ ಮೆಲ್ಲಗೆ. "ವಿಡಿಯೋದಾಗ ನೋಡಿದ್ದೆ. ಅಂಟು ಹಚ್ಚಿದ್ರ ಹಿಡಿತ ಇನ್ನೂ ಜಾಸ್ತಿ ಆಗತೈತಲ್ಲ, ಚ್ಯಾಷ್ಟಿ ಮಾಡತಾರ ಅಂದ್ಕೊಂಡಿದ್ದೆ. ಆದ್ರ ಫೆವಿಕ್ವಿಕ್ ಒಣಗಿದ ಮ್ಯಾಲ ಗಾಜಿನಂಗಾಗತೈತಿ. ಹಿಡಿಯಂಗಿಲ್ಲ. ಜಾರತೈತಿ."

ಮುಂದಿನ ಸಂಜೆ ಅವನೇ ಅಂಟಿನ ಟ್ಯೂಬು ತಂದ. ಮೆಹಬೂಬಸುಭಾನಿ ಶಿರೋಳದ ಮದುವೆಯೊಂದಕ್ಕೆ ಕುರ್ಚಿ ಇಳಿಸಲು ಹೋಗಿದ್ದ. ತೆರೆದ ಬಾಗಿಲಿನಿಂದ ಇಳಿಬಿಸಿಲು ಕಾರ್ಪೆಟ್ಟಿನ ಮೇಲೆ ಬಿದ್ದಿತ್ತು. ಕಳಕೇಶ ಚಕ್ರವನ್ನು ಬೆರಳಿನಿಂದ ನಿಧಾನಕ್ಕೆ ತಿರುಗಿಸುತ್ತಿದ್ದ, ಉಮಾಶ್ರೀ ಟ್ಯೂಬಿನ ತುದಿಯನ್ನು ರಬ್ಬರಿನ ಪಕ್ಕೆಗೆ ಹಿಡಿದಿದ್ದಳು. ಹೊಳೆಯುವ ತೆಳುಗೆರೆ ಚಕ್ರದ ಸುತ್ತ ಸುತ್ತಿಕೊಳ್ಳುತ್ತಿತ್ತು. ಇಬ್ಬರೂ ಉಸಿರು ಹಿಡಿದಿದ್ದರು.

"ಗಾಳಿಕಂಬದ ಮ್ಯಾಲ ಹ್ಯಾಂಗಿರತೈತ್ರಿ?" ಅವಳು ಕೈ ಅಲುಗಿಸದೆ ಕೇಳಿದಳು. ಇಷ್ಟು ದಿನದಲ್ಲಿ ಒಮ್ಮೆಯೂ ಕೇಳಿರದ ಪ್ರಶ್ನೆ.

ಚಕ್ರ ನಿಂತಿತು. ಅಂಟಿನ ಹನಿಯೊಂದು ನಿಂತಲ್ಲೇ ದಪ್ಪಗಾಯಿತು.

"ನಿನಗ ಕಂಬ ಹತ್ತಾಂವ ಬ್ಯಾಡಾಗಿದ್ದನಲ್ಲ," ಎಂದ ಕಳಕೇಶ.

ಅವಳಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಹೊಳೆಮಣ್ಣೂರಿನ ಮನೆ ಕಣ್ಣಮುಂದೆ ಬಂತು. ಕನ್ಯಾ ನೋಡಲು ಬಂದ ದಿನ, ಅಡುಗೆಮನೆಯಲ್ಲಿ ಅವ್ವನ ಕೈ ಹಿಡಿದು ಅಂದದ್ದು: ಯವ್ವಾ, ಆ ಗಾಳಿಕಂಬ ಹತ್ತಾಂವ ನನಗ ಬ್ಯಾಡ. ಹಿತ್ತಲಿನಲ್ಲಿ ಯಾರೋ ಕೈ ತೊಳೆಯುತ್ತಿದ್ದ ನೀರಿನ ಸದ್ದು ಆಗ ಕೇಳಿಸಿತ್ತು. ಯಾರೆಂದು ನೋಡಿರಲಿಲ್ಲ.

"ಕೇಳಿದ್ರೇನು ನೀವು?"

"ಹ್ಞೂಂ."

"ಮತ್ತ ಯಾಕ ಲಗ್ನ ಆದ್ರಿ?"

"ಹಿರ್ಯಾರು ಎಲೆಅಡಿಕಿ ಹಿಡದುಬಿಟ್ಟಿದ್ರು. ನನಗೂ..." ಅವನು ಚಕ್ರ ನೋಡುತ್ತ ಹೇಳಿದ. "ನನಗೂ ನೀ ಬೇಕಾಗಿದ್ದಿ. ಬ್ಯಾಡಂದಾಕಿ ಕೂಡ ಏನಂತ ಮಾತಾಡೂದು ಅಂತ ಸುಮ್ಮನಾದೆ."

ಉಮಾಶ್ರೀ ಟ್ಯೂಬು ಕೆಳಗಿಟ್ಟಳು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ್ನು ಬಿಡಿಸಿಕೊಳ್ಳುತ್ತ ಹೇಳಿದಳು. "ಸಣ್ಣಾಕಿದ್ದಾಗ ನಮ್ಮೂರಿಗೆ ಹೊಳಿ ಹೊಕ್ಕಿತ್ತು. ನಮ್ಮನ್ನೆಲ್ಲಾ ಸಾಲಿ ಮಾಳಗಿ ಮ್ಯಾಲ ಹತ್ತಿಸಿ ಕುಂದರಿಸಿದ್ರು. ಸುತ್ತೂಕಡೆ ನೀರು. ನಮ್ಮ ಎಮ್ಮಿ ಹರಕೊಂಡು ಹೋಗೂದನ್ನ ಮ್ಯಾಲಿಂದ ನೋಡಿದೆ. ಅವತ್ತಿಂದ ಯಾರರ ಎತ್ತರದಾಗ ನಿಂತ್ರ ನನಗ ನೋಡಾಕ ಆಗಂಗಿಲ್ಲ. ನಾ ಬ್ಯಾಡಂದಿದ್ದು ಕಂಬಾನ್ರೀ, ನಿಮ್ಮನ್ನಲ್ಲ. ದಿನಾ ನೀವು ಬೈಕ್ ಹತ್ತಿ ಹೋದಮ್ಯಾಲ ನಾ ಅದರದು ವಿಚಾರನ ಮಾಡಂಗಿಲ್ಲ. ಅದಕ್ಕ ಕೇಳಂಗೂ ಇಲ್ಲ."

ಹೊರಗೆ ಯಾರದೋ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಯಿತು. ಕಳಕೇಶ ಮತ್ತೆ ಚಕ್ರ ತಿರುಗಿಸತೊಡಗಿದ. "ಮ್ಯಾಲ ಭಾಳ ಗಾಳಿ. ಮೋಡ ಇಲ್ಲದಾಗ ನಿಮ್ಮ ನರಗುಂದದ ಗುಡ್ಡ ಕಂಡಂಗಾಗತೈತಿ. ಖರೇನೋ ಸುಳ್ಳೋ ಗೊತ್ತಿಲ್ಲ, ನಾ ಅದ ಅಂದ್ಕೊಂಡು ನೋಡತೇನಿ." ಟ್ಯೂಬು ಅವಳ ಕೈಗೆ ಕೊಟ್ಟು, "ಹಚ್ಚು, ಒಣಗಾಕತ್ತೇತಿ," ಎಂದ.

ಶುಕ್ರವಾರ ಮಧ್ಯಾಹ್ನ ಉಮಾಶ್ರೀ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಿದ್ದಾಗ ಮೊಬೈಲು ಮಿಣುಕಿತು. ಕಂಬದ ಕೆಲಸಕ್ಕೆ ಹೋಗಿದ್ದ ಗಂಡನಿಂದ ಬಂದ ಸಂದೇಶದಲ್ಲಿ ಒಂದೇ ಪದವಿತ್ತು. "ಇಳದೆ." ಅವಳು ಅದನ್ನು ಓದಿ ಮತ್ತೆ ಕಣ್ಣು ಮಸೂರಕ್ಕಿಟ್ಟಳು. ಎಣಿಸುತ್ತಿದ್ದ ಲೆಕ್ಕ ತಪ್ಪಿಹೋಗಿತ್ತು. ಮೊದಲಿನಿಂದ ಎಣಿಸಿದಳು.

ಶನಿವಾರ ಸಿದ್ದವ್ವನ ಫೋನು ಬಂತು. "ನಾಳೆ ಯಾವ ಬಸ್ಸಿಗೆ ಬರತಿ? ನಿಮ್ಮ ಕಾಕಾ ಬಂದಾನ."

"ನಾಳೆ ಆಗಂಗಿಲ್ಲವ್ವ. ನರಗುಂದಕ್ಕ ಹೋಗಬೇಕು."

"ಐತಾರನೂ ಡ್ಯೂಟಿ ಏನ?"

"ಡ್ಯೂಟಿ ಅಲ್ಲ. ಬಿದ್ದ ಗಾಡಿ ಎತ್ತೂದೈತಿ."

"ಯಾರದ ಗಾಡಿ ಬಿತ್ತ ಯವ್ವಾ!" ಎಂದು ಸಿದ್ದವ್ವ ಗಾಬರಿಯಾದಳು. ಅವಳಿಗೆ ತಿಳಿಹೇಳುವುದರಲ್ಲಿ ಉಮಾಶ್ರೀಗೆ ನಗು ತಡೆಯದಾಯಿತು. ಮಗಳು ನಗುವುದನ್ನು ಕೇಳಿ ಅವ್ವ ಮುಂದೇನೂ ಕೇಳಲಿಲ್ಲ.

ಕಲ್ಯಾಣಮಂಟಪದ ತುಂಬ ಬೂದು ಕಾರ್ಪೆಟ್ಟು. ಅದರ ಮೇಲೆ ಪೈಪುಗಳಿಂದ ಮಾಡಿದ ಹಾದಿ, ಹಲಗೆಯ ದಿಬ್ಬಗಳು. ಮದುಮಕ್ಕಳ ಕುರ್ಚಿ ಇಡುವ ವೇದಿಕೆಯ ಮೇಲೆ ಗಾಡಿ ಓಡಿಸುವವರು ರಿಮೋಟು ಹಿಡಿದು ಸಾಲಾಗಿ ನಿಂತಿದ್ದರು. ಹುಬ್ಬಳ್ಳಿಯ, ಬೆಳಗಾವಿಯ ಕಾಲೇಜು ಹುಡುಗರೇ ಹೆಚ್ಚು. ಪ್ರತಿಯೊಬ್ಬರೂ ಬಿದ್ದ ಗಾಡಿ ಎತ್ತಲು ಒಬ್ಬರನ್ನು ಕರೆತರಬೇಕೆಂಬುದು ನಿಯಮ. ಕಳಕೇಶನ ಕಡೆಯಿಂದ ಉಮಾಶ್ರೀ, ಕೊನೆಯ ತಿರುವಿನಲ್ಲಿ. ಯಾರ ಗಾಡಿಯೇ ಇರಲಿ, ಹತ್ತಿರ ಬಿದ್ದದ್ದನ್ನು ಮೊದಲು ಎತ್ತಬೇಕು.

ಮೊದಲ ಓಟದಲ್ಲಿ ಕಳಕೇಶನ ಗಾಡಿಯೂ ಒಂದು ಹಳದಿ ಗಾಡಿಯೂ ಒಂದಕ್ಕೊಂದು ತಾಗಿ ಅವಳ ತಿರುವಿನಲ್ಲೇ ಮಗುಚಿದವು. ಹಳದಿಯದು ಹತ್ತಿರ ಬಿದ್ದಿತ್ತು. ಉಮಾಶ್ರೀಯ ಕೈ ತನ್ನ ಗಾಡಿಯ ಕಡೆಗೇ ಹೋಯಿತು. ಅರ್ಧಕ್ಕೆ ತಡೆದು, ಹಳದಿಯನ್ನು ಎತ್ತಿ ನಿಲ್ಲಿಸಿ, ಆಮೇಲೆ ಇದನ್ನು ಎತ್ತಿದಳು. ಅಷ್ಟರಲ್ಲಿ ಎಲ್ಲರೂ ಮುಂದೆ ಹೋಗಿದ್ದರು. ಕಳಕೇಶ ಎಲ್ಲರ ಹಿಂದಾದ.

ಬಿಡುವಿನಲ್ಲಿ ಅವಳು ಅವನ ಮುಖ ನೋಡದೆ ನಿಂತಳು. "ಒಂದು ಮಾತರ ಬೈರಿ."

"ಯಾಕ ಬೈಯ್ಲಿ? ನೀ ಮಾಡಿದ್ದು ಬರೋಬ್ಬರಿ ಐತಿ."

"ಬೈದ್ರ ನಾಕು ಮಾತಾಡಿದಂಗರ ಆಗತೈತಿ."

ಕಳಕೇಶ ಜೋರಾಗಿ ನಕ್ಕ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಗಾಡಿ ಮಗುಚಿ ನೋಡಿದರೆ, ಒಂದು ಚಕ್ರದ ಅಂಟು ಪಕಳೆಯೆದ್ದು ಹೋಗಿತ್ತು. ಅವನು ಚಕ್ರ ತಿರುಗಿಸಿದ, ಅವಳು ಹಚ್ಚಿದಳು. ಈ ಸಲ ಗೆರೆಯನ್ನು ತುಸು ಅಗಲ ಮಾಡಿದಳು.

ಕೊನೆಯ ಓಟದಲ್ಲಿ ಅವನು ಹಿಂದಿನಿಂದ ಹೊರಟು ಒಬ್ಬೊಬ್ಬರನ್ನೇ ದಾಟುತ್ತ ಮೂರನೆಯ ಜಾಗಕ್ಕೆ ಬಂದ. ಮುಂದಿನ ಇಬ್ಬರು ದೂರವಿದ್ದರು. ಹಿಂದೆ ಹಳದಿ ಗಾಡಿ ಬಾಲಕ್ಕೆ ಹತ್ತಿದಂತೆ ಬರುತ್ತಿತ್ತು. ಕೊನೆಯ ಸುತ್ತಿನಲ್ಲಿ ಉಮಾಶ್ರೀ ವೇದಿಕೆಯತ್ತ ತಲೆಯೆತ್ತಿ ನೋಡಿದಳು. ಕಳಕೇಶ ತುದಿಗೆ ಬಂದು ನಿಂತಿದ್ದ, ಅರ್ಧ ಪಾದ ಅಂಚಿನಾಚೆಗೆ. ಅವಳು ಕಣ್ಣು ತೆಗೆಯಲಿಲ್ಲ.

ಗುಂಯ್ ದನಿ ಏರುತ್ತ ಬಂತು. ಅವನು ವೇಗ ಇಳಿಸಲಿಲ್ಲ. ತಿರುವಿನಲ್ಲಿ ಗಾಡಿಯ ಒಳಗಿನ ಎರಡು ಚಕ್ರ ನೆಲ ಬಿಟ್ಟು ಎದ್ದವು. ಉಮಾಶ್ರೀ ಬಗ್ಗಿ ಎರಡೂ ಕೈ ಚಾಚಿದಳು. ಗಾಡಿ ಆ ಕೈಗಳ ಪಕ್ಕದಲ್ಲೇ ಓರೆಯಾಗಿ ಓಡಿತು, ಬೀಳಲೋ ಬೇಡವೋ ಎಂಬಂತೆ. ಹೊರಬದಿಯ ಚಕ್ರ ಒಂದಿಷ್ಟೇ ಜಾರಿತು. ಎದ್ದ ಚಕ್ರಗಳು ಮೆಲ್ಲಗೆ ಇಳಿದು ಕಾರ್ಪೆಟ್ಟು ಮುಟ್ಟಿದವು. ಗಾಡಿ ಮುಂದೆ ಹೋಯಿತು.

ಅವಳು ಹಾಗೆಯೇ ಬಗ್ಗಿ ನಿಂತಿದ್ದಳು, ಖಾಲಿ ಕೈಗಳನ್ನು ಚಾಚಿಕೊಂಡು, ಅದು ಹೋದ ದಿಕ್ಕನ್ನೇ ನೋಡುತ್ತ.