ಒಳಗೆ ಕಂಡದ್ದನ್ನು ಹೇಳಿ, ಸರ್

ಅವತ್ತು ಬೆಳಿಗ್ಗೆಯಿಂದ ಅಕ್ಷತಾ ಒಂದೇ ಪಾಠವನ್ನು ಹತ್ತು ಸಲ ಒಪ್ಪಿಸಿಕೊಂಡಿದ್ದಳು. ಒಪ್ಪಿಸಿಕೊಳ್ಳದೆ ಇರುತ್ತಾಳೆಯೇ? ಅಹಮದಾಬಾದಿನ ಒಂದು ಕಾಲೇಜಿನಲ್ಲಿ ವರ್ಷ ವರ್ಷ ಕರಾರು ಬರೆಸಿಕೊಂಡು ಮನಶ್ಶಾಸ್ತ್ರ ಕಲಿಸುತ್ತಿದ್ದವಳಿಗೆ ಕೊನೆಗೂ ಒಂದು ಖಾಯಂ ಹುದ್ದೆ ಕಣ್ಣಿಗೆ ಬಿದ್ದಿತ್ತು. ಆಯ್ಕೆ ಸಮಿತಿಯ ಮುಂದೆ ಪಾಠ ಮಾಡಿ ತೋರಿಸಬೇಕು. ಮೆಚ್ಚಿದರೆ ಸರಿ, ಇಲ್ಲದಿದ್ದರೆ ಅದೇ ಊರಿನ ಬೋಪಾಲ್ ಬಡಾವಣೆಯ ಬಾಡಿಗೆ ಮನೆ ಖಾಲಿ ಮಾಡಿ, ಸೂರತ್‌ನ ಅಡಾಜಣ್‌ನಲ್ಲಿ ಅಪ್ಪ ನಡೆಸುವ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರಬೇಕು. "ಈ ಸಲವೂ ಆಗದಿದ್ರೆ ಸುಮ್ಮನೆ ಬಂದುಬಿಡು ಮಾರಾಯ್ತಿ" ಅಂತ ಅಪ್ಪ ಫೋನಿನಲ್ಲಿ ಹೇಳಿಯೂ ಆಗಿತ್ತು.

ಅವಳ ಬೆನ್ನಿಗೆ ಬಿದ್ದ ಶನಿ ಅಂದರೆ ವಿಭಾಗದ ಮುಖ್ಯಸ್ಥ ಲಿಂಗರಾಜ. ಧಾರವಾಡದ ಕಡೆಯವರು. ಇಡೀ ಕಾಲೇಜಿನಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ. ಹೆಂಡತಿ ತೀರಿಕೊಂಡ ಮೇಲೆ ಆ ಮನುಷ್ಯನ ಮನೆಯಲ್ಲಿ ಕನ್ನಡ ಸತ್ತೇ ಹೋಗಿತ್ತು. ಮಗ ಗುಜರಾತಿಗೇ ಹೊರಳಿದ್ದ, ಸೊಸೆ ಗುಜರಾತಿ, ಮೊಮ್ಮಕ್ಕಳೂ ಗುಜರಾತಿ. ಹಾಗಾಗಿ ದಿನಾ ಅಕ್ಷತಾಳ ಮೇಜಿನ ಹತ್ತಿರ ಬಂದು ನಿಲ್ಲುವುದು, ಅರ್ಧ ಗಂಟೆ ಹರಟುವುದು, ಹರಟೆಯ ಮಧ್ಯೆ ನಾಲ್ಕು ಮಾತು ಚುಚ್ಚುವುದು. ಚುಚ್ಚದಿದ್ದರೆ ಅನ್ನ ಕರಗುತ್ತಿರಲಿಲ್ಲ ಅಂತ ಕಾಣುತ್ತದೆ!

ಸಿಟ್ಟಿಗೆ ಕಾರಣ ಇತ್ತು. ಲಿಂಗರಾಜರಿಗೆ ಮನಶ್ಶಾಸ್ತ್ರ ಅಂದರೆ ಅದರ ಮೊದಲ ಪಂಥವೇ. ಒಂದೂವರೆ ಶತಮಾನದ ಹಿಂದೆ ಜರ್ಮನಿಯಲ್ಲಿ ಪ್ರಯೋಗಾಲಯ ತೆರೆದು, ಮನಸ್ಸನ್ನು ಒಳಗಿನಿಂದಲೇ ನೋಡಿ ವರದಿ ಮಾಡುವುದನ್ನು ಕಲಿಸಿದರಲ್ಲ, ಅವರ ಪಂಥ. ಲಿಂಬೆಹಣ್ಣು ಕೈಗೆ ಕೊಟ್ಟರೆ 'ಲಿಂಬೆ' ಅನ್ನಬಾರದು. ಹಳದಿ, ದುಂಡು, ತಂಪು, ಒರಟು ಅನ್ನಬೇಕು. ಹೆಸರು ಹೇಳಿದಿರೋ, ತಪ್ಪಿದಿರಿ. ಲಿಂಗರಾಜ ಪ್ರತಿ ವರ್ಷ ಹುಡುಗರನ್ನು ಕಣ್ಣು ಮುಚ್ಚಿಸಿ ಕೂರಿಸಿ ಇದನ್ನೇ ತಿದ್ದಿಸುತ್ತಿದ್ದರು. "ಸುಳ್ಳ ಹೇಳೋ ವೀಕ್ಷಕ ಪ್ರಯೋಗಶಾಲಾಕ್ಕ ವಿಷಾ" ಅನ್ನುತ್ತಿದ್ದರು. ಅಕ್ಷತಾ ಪಕ್ಕದ ಕ್ಲಾಸಿನಲ್ಲಿ, ಆ ಪಂಥ ಯಾವಾಗಲೋ ಸತ್ತಿತು ಅಂದಿದ್ದಳು. ಹುಡುಗರು ನಕ್ಕಿದ್ದರು. ನಗು ಗೋಡೆಯಾಚೆ ಕೇಳಿಸಿತ್ತು. ಅಲ್ಲಿಗೆ ಮುಗಿಯಿತು ಕಥೆ.

ಪಾಠದ ವಿಷಯ ಆರಿಸಿದ್ದೂ ಅವರೇ: ಮನಶ್ಶಾಸ್ತ್ರದ ಆರಂಭ, ಮೊದಲ ಪಂಥಗಳು. ಎಡವಿ ಬೀಳಲಿ ಅಂತಲೇ.

ಸಮಿತಿಯಲ್ಲಿ ಮೂವರು, ಎಲ್ಲರೂ ಗುಜರಾತಿಗಳು. ಅಧ್ಯಕ್ಷೆ ವಡೋದರಾದಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕಿ. ಅವರ ಪಕ್ಕದಲ್ಲೇ, ವಿಭಾಗದ ಪರವಾಗಿ, ಲಿಂಗರಾಜ ಕೂತರು. ಅಕ್ಷತಾ ಹಿಂದಿ-ಇಂಗ್ಲಿಷ್ ಬೆರೆಸಿ ಪಾಠ ಶುರು ಮಾಡಿದಳು. ಮೊದಲ ಪಂಥದವರು ಮನಸ್ಸು ಯಾವುದರಿಂದ ಆಗಿದೆ ಅಂತ ಕೇಳಿದರು. ಅಮೆರಿಕದವರು ಬಂದು, ಅದು ಬಿಡಿ, ಮನಸ್ಸು ಯಾವ ಉಪಯೋಗಕ್ಕೆ ಇದೆ ಹೇಳಿ ಅಂದರು. ಇಷ್ಟು ಹೇಳಿ ಉಸಿರು ತೆಗೆದುಕೊಳ್ಳಲು ನಿಂತಳು.

ಆಗ ಲಿಂಗರಾಜ ಬಾಯಿ ತುಂಬ ನಗುತ್ತಾ, ಆಶೀರ್ವಾದ ಮಾಡುವವರ ಹಾಗೆ ತಲೆಯಾಡಿಸುತ್ತಾ, ಕನ್ನಡದಲ್ಲಿ ಅಂದರು: "ಇಲ್ಲಿಗ್ಯಾಕ ಬಂದಿ ತಂಗಿ? ನಿಮ್ಮಪ್ಪನ ಹೋಟೆಲ್‌ನ್ಯಾಗ ದ್ವಾಸಿ ತಿರುವಿ ಹಾಕ್ಕೋತ ಕುಂದ್ರೋದು ಬಿಟ್ಟು? ನಿನ್ನ ಯೋಗ್ಯತಾ ಅಷ್ಟ."

ಅಧ್ಯಕ್ಷೆಯೂ ನಕ್ಕರು. ಮುಖ್ಯಸ್ಥರು ತಮ್ಮ ಊರಿನ ಹುಡುಗಿಗೆ ಧೈರ್ಯ ಹೇಳುತ್ತಿದ್ದಾರೆ ಅಂದುಕೊಂಡಿರಬೇಕು, ಪಾಪ.

ಅಕ್ಷತಾಳ ಮೈಯೆಲ್ಲ ಉರಿದುಹೋಯಿತು. ಎಂಥ ನೀಚ! ಕಣ್ಣಲ್ಲಿ ನೀರು ಬಂತು, ನುಂಗಿಕೊಂಡಳು. ಅತ್ತರೆ ಕೆಲಸ ಹೋಯಿತು, ಕಿರುಚಿದರೂ ಹೋಯಿತು. ಆಮೇಲೆ ಎಲ್ಲರಿಗೂ ತಿಳಿಯುವಂತೆ ಹಿಂದಿಯಲ್ಲೇ ನಿಧಾನವಾಗಿ ಅಂದಳು: "ಈಗ ಮೊದಲ ಪಂಥದ ಒಂದು ಪ್ರಯೋಗ. ಈ ಕೋಣೆಯಲ್ಲಿ ತರಬೇತಿ ಪಡೆದ ವೀಕ್ಷಕರು ನಮ್ಮ ಸರ್ ಒಬ್ಬರೇ. ಸರ್, ಈಗಷ್ಟೇ ನನಗೊಂದು ಮಾತು ಹೇಳಿದಿರಿ. ಆಗ ನಿಮ್ಮ ಒಳಗೆ ಏನೇನಿತ್ತು? ಏನನ್ನೂ ಬಿಡದೆ ಹೇಳಿ."

ಲಿಂಗರಾಜರ ನಗು ಅಲ್ಲೇ ನಿಂತಿತು. ನಿಜ ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಜೀವಮಾನವೆಲ್ಲ ಕಲಿಸಿದ್ದು ಹೋಗುತ್ತದೆ. ಅವರು ಮಾನ ಉಳಿಸಿಕೊಳ್ಳಲು ಹೊರಟರು.

"ಪ್ರೀತಿ ಇತ್ತು," ಅಂದರು ಹಿಂದಿಯಲ್ಲಿ. "ಮಗಳನ್ನು ನೋಡಿದಂಥ ಅಭಿಮಾನ. ಸಂತೋಷ."

"ಇವೆಲ್ಲ ಹೆಸರುಗಳಾದವು, ಸರ್," ಅಂದಳು ಅಕ್ಷತಾ. "ಹೊಸಬರು ಮಾಡುವ ತಪ್ಪು ಅಂತ ನೀವೇ ಹುಡುಗರನ್ನು ಬೈಯುತ್ತೀರಿ. ಎದೆಯಲ್ಲಿ ಏನಿತ್ತು? ನಾಲಿಗೆ ಒಣಗಿತ್ತೋ, ಹಸಿಯಿತ್ತೋ? ಒಳಗೆ ನೋಡಿದವರಿಗೆ ಅದು ಗೊತ್ತಿರುತ್ತದೆ. ನೋಡದವರು ಹೆಸರು ಹೇಳುತ್ತಾರೆ."

ಲಿಂಗರಾಜ ಗಡಿಯಾರ ನೋಡಿಕೊಂಡು, ಪಾಠ ಮುಂದುವರಿಸಿ ಅಂದರು.

"ಮೊದಲ ಪಂಥ ಸೋತದ್ದು ಇಲ್ಲೇ," ಅವಳು ಸಮಿತಿಯ ಕಡೆ ತಿರುಗಿದಳು. "ಒಳಗಿನದಕ್ಕೆ ಹೇಳುವವನೇ ಸಾಕ್ಷಿ. ಅವನು ಸುಳ್ಳಾಡಿದರೆ ಹಿಡಿಯುವುದು ಹೇಗೆ? ಆಗ ವರ್ತನಾವಾದಿಗಳು ಬಂದರು. ಅವರು ಕೇಳುವುದಿಲ್ಲ, ನೋಡುತ್ತಾರೆ. ನೀವೂ ನೋಡಿ."

ಎಲ್ಲರೂ ನೋಡಿದರು. ಲಿಂಗರಾಜರ ಮುಷ್ಟಿ ಬಿಗಿದಿತ್ತು, ಕತ್ತಿನ ನರ ಉಬ್ಬಿತ್ತು, ದವಡೆ ಅದುರುತ್ತಿತ್ತು. ಪ್ರೀತಿಯಂತೆ, ಪ್ರೀತಿ!

"ನೀವು ಅವರಿಗೆ ಹೇಳಿದ್ದಾದರೂ ಏನು?" ಅಧ್ಯಕ್ಷೆ ಕೇಳಿದರು.

"ಒಳ್ಳೆಯದಾಗಲಿ ಅಂದೆ."

ಅಧ್ಯಕ್ಷೆ ಅಕ್ಷತಾಳನ್ನು ನೋಡಿದರು. ಅವಳು ಒಂದು ಪದವನ್ನೂ ಬಿಡದೆ, ದೋಸೆಯನ್ನೂ ಯೋಗ್ಯತೆಯನ್ನೂ ಸೇರಿಸಿ, ಸೂರತ್‌ನಲ್ಲಿ ಹುಟ್ಟಿ ಬೆಳೆದವಳ ಖಡಕ್ ಗುಜರಾತಿಯಲ್ಲಿ ಹೇಳಿದಳು. ಲಿಂಗರಾಜ ಅಲ್ಲಗಳೆಯಲಿಲ್ಲ.

ಸಂಜೆಯೊಳಗೆ ತೀರ್ಮಾನ ಬಂತು. ಹುದ್ದೆ ಅವಳಿಗೇ.

ಕಾರಿಡಾರಿನಲ್ಲಿ ಲಿಂಗರಾಜ ಕಾದು ನಿಂತಿದ್ದರು. "ಚೊಲೋ ಪಾಠ ಮಾಡಿದಿ ತಂಗಿ," ಅಂದರು. "ಆದದ್ದಾತು. ಬಾ, ಚಾ ಕುಡಿಯೋಣು."

ಅಕ್ಷತಾ ಗುಜರಾತಿಯಲ್ಲಿ, ವಿಭಾಗದ ಕೆಲಸ ಏನಿದ್ದರೂ ಈಮೇಲ್ ಮಾಡಿ ಸಾಹೇಬ್ ಅಂದಳು.

"ಕನ್ನಡದಾಗ ಮಾತಾಡವಾ."

ಅವಳು ಬ್ಯಾಗ್ ಹೆಗಲಿಗೇರಿಸಿಕೊಂಡಳು. ಮುದುಕನ ದನಿ ಒಡೆಯಿತು: "ನಿನ್ನ ಬಿಟ್ರ ನನ್ನ ಜೋಡಿ ಕನ್ನಡ ಮಾತಾಡಾಕ ಇಲ್ಲಿ ಯಾರದಾರವಾ?"

ಆ ಮಾತು ಅವಳಿಗೆ ಪೂರ್ತಿ ಅರ್ಥವಾಯಿತು. ಎದೆಯಲ್ಲಿ ಚುರುಕ್ ಅಂತಲೂ ಅಂದಿತು. ಆದರೂ ತಿರುಗಿ, ಯಾರೋ ಅಪರಿಚಿತರಿಗೆ ಹೇಳುವ ಹಾಗೆ, ಅರ್ಥವಾಗಲಿಲ್ಲ ಅಂತ ಗುಜರಾತಿಯಲ್ಲಿ ಹೇಳಿದಳು: "ಸಮಜ್ ನ ಪಡೀ, ಸಾಹೇಬ್."