ಬಿ ಸೆಕ್ಷನ್ನಿನ ನಲವತ್ತಮೂರು ವೃತ್ತಗಳು

ನಮ್ಮ ಹೈಸ್ಕೂಲಿನಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ಹಾಳೆ ಹೊರಡುತ್ತದೆ. ಹೆಸರು ‘ಸಿಬ್ಬಂದಿ ಸಮಾಚಾರ’. ಅದರಲ್ಲಿ ಮೂರೇ ತಲೆಬರಹ: ಜೊತೆ ಬೋಧನೆ, ಪರೀಕ್ಷೆ, ತರಗತಿಯ ತಂತ್ರಜ್ಞಾನ. ಬರೆಯುವವಳು ನಾನು. ನನಗೆ ಟೈಪ್ ಮಾಡಲು ಬರುತ್ತದೆ, ಆಗುವುದಿಲ್ಲ ಎನ್ನಲು ಬರುವುದಿಲ್ಲ, ಅದಕ್ಕೇ ಈ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಎರಡು ವರ್ಷದಿಂದ ಒಡೆದ ಕಿಟಕಿಗೆ ರಟ್ಟು ಅಂಟಿಸಿರುವ ಕೋಣೆಗಳಲ್ಲೇ ಸ್ಮಾರ್ಟ್ ಬೋರ್ಡ್ ತಂದು ನೇತುಹಾಕಿದಾಗ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದು ಸ್ಟಾಫ್ ರೂಮಿನಲ್ಲಿ ನಕ್ಕವಳೂ ನಾನೇ, ‘ಹೊಸ ಯುಗದತ್ತ ನಮ್ಮ ಶಾಲೆ’ ಎಂದು ಹಾಳೆಯಲ್ಲಿ ಬರೆದವಳೂ ನಾನೇ. ಹಾಳೆಯ ಒಂದು ಪ್ರತಿ ಮೆಟ್ಟಿಲ ಪಕ್ಕದ ನೋಟಿಸ್ ಬೋರ್ಡಿಗೂ ಹೋಗುತ್ತಿತ್ತು. ಅದನ್ನು ಮಕ್ಕಳು ಓದುತ್ತಾರೆ ಎಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಜೊತೆ ಬೋಧನೆ ಎಂದರೆ ಇಷ್ಟು. ಒಂದೇ ವಿಷಯ ಕಲಿಸುವ ಇಬ್ಬರು ಜೋಡಿ. ವಾರಕ್ಕೊಂದು ಪೀರಿಯಡ್ ಒಬ್ಬರ ಪಾಠದಲ್ಲಿ ಇನ್ನೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು, ನೋಡಿ, ಫಾರಂ ತುಂಬಿ ಸಹಿ ಹಾಕಬೇಕು. ಯಾರು ಕೂತರು? ಕೂತರೆ ನಮ್ಮ ಉತ್ತರಪತ್ರಿಕೆ ತಿದ್ದುವವರು ಯಾರು? ಶನಿವಾರ ಚಹಾದ ಹೊತ್ತಿಗೆ ಎಲ್ಲರೂ ಫಾರಂ ಹರಡಿಕೊಂಡು ಒಬ್ಬರಿಗೊಬ್ಬರು ಸಹಿ ಹಾಕಿಕೊಳ್ಳುತ್ತಿದ್ದೆವು. ‘ಪಾಠ ಚೆನ್ನಾಗಿತ್ತು, ಮಕ್ಕಳು ಗಮನವಿಟ್ಟು ಕೇಳಿದರು.’ ಈ ವಾಕ್ಯವನ್ನು ನಾನು ಹದಿನಾಲ್ಕು ವಾರ, ಹದಿನಾಲ್ಕು ಫಾರಮ್ಮಿನಲ್ಲಿ ಬರೆದೆ.

ನನ್ನ ಜೋಡಿ ಕೈವಾರ ಸಾರ್. ಕೈವಾರ ಇಲ್ಲದೆ ಒಂದೇ ಸುತ್ತಿಗೆ ಬೋರ್ಡಿನ ಮೇಲೆ ಪೂರ್ಣ ವೃತ್ತ ಎಳೆಯುತ್ತಿದ್ದರು, ಮಕ್ಕಳು ಮೂವತ್ತು ವರ್ಷದ ಹಿಂದೆ ಇಟ್ಟ ಹೆಸರು ಹಾಗೇ ಉಳಿಯಿತು. ಇಟ್ಟವರಲ್ಲಿ ನಾನೂ ಇದ್ದೆ. ಗಣಿತದಲ್ಲಿ ಮೂರು ಸಲ ಸೊನ್ನೆ ತಂದವಳು ನಾನು. ಇವಳ ತಲೆಗೆ ಓದು ಹತ್ತಲ್ಲ ಎಂದು ನಮ್ಮಪ್ಪ ಕೈಬಿಟ್ಟಾಗ, “ಒಂದು ವರ್ಷ ನನಗೆ ಬಿಡಿ” ಅಂದವರು ಅವರು. ಆ ಒಂದು ವರ್ಷದಿಂದ ನಾನು ಇವತ್ತು ಸಂಬಳದ ಅನ್ನ ತಿನ್ನುತ್ತಿದ್ದೇನೆ. ಅಂಥವರ ಪಾಠದಲ್ಲಿ ಹಿಂದೆ ಕೂತು ಅಂಕ ಹಾಕಲು ನಾನು ಯಾರು ಎಂದುಕೊಂಡೆ. ಇದು ಗೌರವ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಸೋಮಾರಿತನವೂ ಆಗಿತ್ತು.

ಅವರಿಗೆ ನಿವೃತ್ತಿಗೆ ಇನ್ನೊಂದು ವರ್ಷ ಇತ್ತು. ಹತ್ತನೆಯ ತರಗತಿಯ ಎ ಸೆಕ್ಷನ್ ನನಗೆ, ಬಿ ಸೆಕ್ಷನ್ ಅವರಿಗೆ.

ಈ ಸಲದ ಪರೀಕ್ಷೆಯಲ್ಲಿ ಎರಡೂ ಸೆಕ್ಷನ್ನಿಗೆ ಒಂದೇ ಪ್ರಶ್ನೆಪತ್ರಿಕೆ ಇತ್ತು, ಉತ್ತರಗಳನ್ನು ಯಂತ್ರ ತಿದ್ದಿತು. ಸೋಮವಾರ ಬೆಳಿಗ್ಗೆ ಹೆಡ್ ಮೇಡಂ ನನ್ನನ್ನು ಕರೆದು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಐದು ಅಧ್ಯಾಯಕ್ಕೆ ಐದು ಕಂಬ. ಬಿ ಸೆಕ್ಷನ್ನಿನ ಮೊದಲ ಎರಡು ಕಂಬ ಹಸಿರು. ಎರಡನೆಯ ಅಧ್ಯಾಯ ವೃತ್ತಗಳು. ಅದರಲ್ಲಿ ಮೂವತ್ತೆಂಟು ಮಕ್ಕಳಲ್ಲಿ ಮೂವತ್ತೆಂಟೂ ಮಂದಿಗೆ ಪೂರ್ತಿ ಅಂಕ. ನನ್ನ ಸೆಕ್ಷನ್ನಿನಲ್ಲಿ ಅರ್ಧದಷ್ಟು ಮಕ್ಕಳಿಗೂ ಅಷ್ಟು ಬಂದಿರಲಿಲ್ಲ. ಆದರೆ ಬಿ ಸೆಕ್ಷನ್ನಿನ ಮುಂದಿನ ಮೂರೂ ಕಂಬ ಕೆಂಪು. ಹೆಚ್ಚುಕಡಿಮೆ ಸೊನ್ನೆ.

“ಮೊದಲು ಓದಿದಾರೆ, ಆಮೇಲೆ ಸೊಕ್ಕು ಬಂದಿದೆ,” ಅಂದರು ಹೆಡ್ ಮೇಡಂ. “ಇವರನ್ನ ಬೋರ್ಡ್ ಪರೀಕ್ಷೆಗೆ ಕೂರಿಸಿದ್ರೆ ಶಾಲೆಯ ಮಾನ ಹೋಗುತ್ತೆ. ಪೂರ್ತಿ ಸೆಕ್ಷನ್ ಸರಳ ಗಣಿತಕ್ಕೆ ಹಾಕ್ತೀನಿ. ಶುಕ್ರವಾರ ಸಂಜೆಯೊಳಗೆ ಇಲಾಖೆಯ ವೆಬ್‌ಸೈಟಿಗೆ ಪಟ್ಟಿ ಏರಿಸ್ಬೇಕು.”

ಸರಳ ಗಣಿತ ಎಂಬ ಸುಲಭದ ಪತ್ರಿಕೆ ಬರೆದವರಿಗೆ ಮುಂದೆ ವಿಜ್ಞಾನ ಸಿಗುವುದಿಲ್ಲ. ಪಟ್ಟಿ ಒಮ್ಮೆ ಏರಿದರೆ ಆ ವರ್ಷ ಇಳಿಯುವುದೂ ಇಲ್ಲ.

“ಸ್ವಲ್ಪ ತಡೀರಿ ಮೇಡಂ, ಯಂತ್ರ ಏನೋ ತಪ್ಪು ಮಾಡಿರ್ಬೇಕು. ನಾನು ನೋಡ್ತೀನಿ,” ಎಂದೆ.

“ನೋಡಿ. ಶುಕ್ರವಾರದವರೆಗೆ.”

ನಮ್ಮ ಸ್ಮಾರ್ಟ್ ಬೋರ್ಡಿಗೆ ಒಂದು ಗುಣ ಇದೆ. ಅದರ ಮೇಲೆ ಬರೆದದ್ದನ್ನೆಲ್ಲ ಸಂಜೆ ತಾನೇ ಉಳಿಸಿಡುತ್ತದೆ, ತಾರೀಖಿನ ಸಮೇತ. ‘ಇನ್ನು ಯಾವ ಪಾಠವೂ ಕಳೆದುಹೋಗದು’ ಎಂದು ನಾನೇ ಹಾಳೆಯಲ್ಲಿ ಬರೆದಿದ್ದೆ. ಉಳಿಸಿದ್ದನ್ನು ಶಾಲೆಯಲ್ಲಿ ಒಬ್ಬರೂ ತೆರೆದು ನೋಡಿರಲಿಲ್ಲ. ಮಂಗಳವಾರ ಬೆಳಿಗ್ಗೆ ಬೇಗ ಹೋಗಿ ಬಿ ಸೆಕ್ಷನ್ನಿನ ಪುಟಗಳನ್ನು ತೆರೆದೆ.

ಒಂದು ವೃತ್ತ. ಹೊರಗೊಂದು ಬಿಂದು. ಬಿಂದುವಿನಿಂದ ವೃತ್ತಕ್ಕೆ ಎರಡು ಸ್ಪರ್ಶಕ. ‘ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಪರಸ್ಪರ ಸಮ’, ಕೆಳಗೆ ಸಾಧನೆ, ಮುತ್ತು ಪೋಣಿಸಿದ ಅಕ್ಷರ. ಮರುದಿನದ ಪುಟ ತೆರೆದೆ. ಅದೇ ವೃತ್ತ. ಅದರ ಮರುದಿನ, ಅದೇ. ವಾರ ಬಿಟ್ಟು ತೆರೆದೆ, ತಿಂಗಳು ಬಿಟ್ಟು ತೆರೆದೆ. ಹನ್ನೊಂದು ವಾರಗಳಲ್ಲಿ ನಲವತ್ತಮೂರು ಪುಟ, ಎಲ್ಲದರಲ್ಲೂ ಅದೇ ಪ್ರಮೇಯ, ಮೇಲೆ ‘ಇಂದಿನ ಹೊಸ ಪಾಠ’ ಎಂಬ ಶೀರ್ಷಿಕೆ. ಒಂದು ವೃತ್ತವೂ ಸೊಟ್ಟ ಇರಲಿಲ್ಲ.

ನನಗೆ ಮೊದಲು ನೆನಪಾದದ್ದು ಸಾರ್ ಅಲ್ಲ, ಮಕ್ಕಳೂ ಅಲ್ಲ, ನನ್ನ ಸಹಿಗಳು. ಈ ಮಾತು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಡೆದದ್ದು ಹಾಗೆ. ಕುಂಬಳಕಾಯಿ ಕಳ್ಳ ಎಂದು ಯಾರಾದರೂ ಕೂಗುವ ಮೊದಲೇ ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ಅವತ್ತು ಮೂರನೆಯ ಪೀರಿಯಡ್ಡಿಗೆ ಬಿ ಸೆಕ್ಷನ್ನಿನ ಹಿಂದಿನ ಬೆಂಚಿನಲ್ಲಿ ಮೊದಲ ಸಲ ಕೂತೆ. “ಬಾರಮ್ಮಾ ಬಾ,” ಎಂದು ಸಾರ್ ಸಂತೋಷಪಟ್ಟರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಎಲ್ಲ ಎಂದಿನಂತೆ. “ಮಕ್ಕಳೇ, ಇವತ್ತು ಒಂದು ಹೊಸ ಪ್ರಮೇಯ,” ಅಂದರು. ಮೂವತ್ತೆಂಟು ನೋಟ್ ಪುಸ್ತಕಗಳ ಹೊಸ ಪುಟ ಒಟ್ಟಿಗೆ ತಿರುಗಿತು. ಯಾರೂ ಮುಖ ನೋಡಿಕೊಳ್ಳಲಿಲ್ಲ, ಯಾರೂ ಕಿಸಕ್ಕೆನ್ನಲಿಲ್ಲ. ಸಾರ್ ಪ್ರಶ್ನೆ ಕೇಳಿದಾಗ ಮಕ್ಕಳು ಸ್ವಲ್ಪ ಯೋಚಿಸಿದಂತೆ ಮಾಡಿ ಕೈ ಎತ್ತಿದರು. ಒಬ್ಬ ಬೇಕೆಂದೇ ತಪ್ಪು ಉತ್ತರ ಹೇಳಿದ, ಸಾರ್ ತಿದ್ದಿ ಖುಷಿಪಟ್ಟರು. ಪಾಠ ನಿಜಕ್ಕೂ ಚೆನ್ನಾಗಿತ್ತು. ನನಗೆ ಕಲಿಸಿದ ಹಾಗೇ ಕಲಿಸಿದರು. ನಾನು ತಲೆ ತಗ್ಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಬೆಲ್ ಆದಮೇಲೆ ಕ್ಲಾಸ್ ಲೀಡರ್ ಹುಡುಗಿಯನ್ನು ವರಾಂಡದ ತುದಿಗೆ ಕರೆದುಕೊಂಡು ಹೋದೆ. ಎರಡು ಜಡೆಯ, ಸಣ್ಣ ದನಿಯ ಹುಡುಗಿ.

“ಯಾಕೆ ಯಾರಿಗೂ ಹೇಳ್ಲಿಲ್ಲ?”

“ಮೊದ್ಲು ಒಬ್ಬ ಹೇಳ್ದ ಮಿಸ್. ‘ಸಾರ್, ನಿನ್ನೆ ಇದೇ ಮಾಡಿದ್ರಿ’ ಅಂದ. ಸಾರ್ ಬೋರ್ಡ್ ಕಡೆ ತಿರುಗಿ ನಿಂತುಬಿಟ್ರು. ಬೆಲ್ ಆಗೋವರೆಗೂ ಈ ಕಡೆ ತಿರುಗ್ಲೇ ಇಲ್ಲ. ಭುಜ ಅಲ್ಲಾಡ್ತಾ ಇತ್ತು.” ಅವಳು ನೆಲ ನೋಡಿದಳು. “ಅವತ್ತಿಂದ ಯಾರೂ ಹೇಳ್ಬಾರ್ದು ಅಂತ ಮಾತಾಡ್ಕೊಂಡ್ವಿ.”

“ಮುಂದಿನ ಪಾಠ?”

“ನಾವೇ ಓದೋಣ ಅಂದ್ಕೊಂಡ್ವಿ. ಟ್ಯಾಬ್ ಇರೋದು ಆರು, ನಾಲ್ಕು ಚಾರ್ಜೇ ಆಗಲ್ಲ. ಅರ್ಥ ಆಗ್ಲಿಲ್ಲ ಮಿಸ್. ಮತ್ತೆ...” ಎಂದು ತಡವರಿಸಿ, “ಮತ್ತೆ ನೀವು ಪ್ರತಿ ವಾರ ನೋಡ್ತಿದೀರ ಅಂತ ನೋಟಿಸ್ ಬೋರ್ಡಲ್ಲಿ ಹಾಕಿತ್ತಲ್ಲ. ಕ್ಲಾಸಿಗೆ ಬರದಿದ್ರೂ ಸ್ಮಾರ್ಟ್ ಬೋರ್ಡಲ್ಲಿ ಉಳ್ದಿದ್ದನ್ನ ನೋಡ್ತಿರ್ತೀರ, ನಿಮ್ಗೆ ಗೊತ್ತು, ನೀವು ಏನೋ ಮಾಡ್ತೀರ ಅಂದ್ಕೊಂಡ್ವಿ. ಸರಳ ಗಣಿತಕ್ಕೆ ಹಾಕಿದ್ರೆ ನರ್ಸಿಂಗ್ ಸಿಗಲ್ವಂತೆ, ಹೌದಾ ಮಿಸ್?”

“ಯಾರೂ ಹಾಕಲ್ಲ. ನಾನಿದೀನಲ್ಲ,” ಎಂದೆ.

ಅವತ್ತೇ ಹೆಡ್ ಮೇಡಂ ಕೋಣೆಗೆ ಹೋಗಬೇಕಿತ್ತು. ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಬುಧವಾರ ಮೊದಲು ಸಾರ್ ಹತ್ತಿರ ಮಾತಾಡಬೇಕು ಎಂದುಕೊಂಡೆ. ಮಧ್ಯಾಹ್ನ ಅವರ ಎದುರು ಕೂತು ಮಳೆ ಬಿಸಿಲಿನ ಮಾತಾಡಿ ಎದ್ದೆ. ಗುರುವಾರ, ಹಾವೂ ಸಾಯದೆ ಕೋಲೂ ಮುರಿಯದೆ ಏನಾದರೂ ದಾರಿ ಇದೆಯೇ ಎಂದು ದಿನವಿಡೀ ಹುಡುಕಿದೆ. ಅವರ ಮಾನ ಉಳಿಯಬೇಕು, ಮಕ್ಕಳ ವರ್ಷ ಉಳಿಯಬೇಕು, ನನ್ನ ಸಹಿಯನ್ನು ಯಾರೂ ಕೇಳಬಾರದು. ಮೂರೂ ಬೇಕು ಅಂತ ಕೂತೆ. ಒಂದನ್ನು ಬಿಟ್ಟಿದ್ದರೆ, ಆ ಮೂರನೆಯದನ್ನು ಬಿಟ್ಟಿದ್ದರೆ, ಮಂಗಳವಾರವೇ ಮುಗಿಯುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಹೋದೆ. ಎಲ್ಲ ಹೇಳಿದೆ. ಪುಟಗಳನ್ನು ತೋರಿಸಿದೆ. ಹೆಡ್ ಮೇಡಂ ಕೊನೆಯ ಪುಟದವರೆಗೂ ನೋಡಿದರು.

“ಪಟ್ಟಿ ನಿನ್ನೆ ಸಂಜೆನೇ ಏರಿಸಿಬಿಟ್ಟೆ,” ಅಂದರು ಕೊನೆಗೆ.

“ಶುಕ್ರವಾರ ಅಂದಿದ್ರಿ!”

“ನೀವು ಏನೂ ಹೇಳ್ಲಿಲ್ಲ. ಒಂದು ದಿನ ಮೊದ್ಲೇ ಕಳಿಸಿದ್ರೆ ನಮ್ಮ ಶಾಲೆ ಹೆಸರು ಮೊದಲು ಬರುತ್ತೆ ಅಂತ... ನೀವೇ ಹಾಳೇಲಿ ಬರೀತೀರಲ್ಲ, ಗಡುವಿಗೆ ಮೊದಲೇ ಮುಗಿಸೋ ಶಾಲೆ ಅಂತ.”

ಅವರೂ ಕೆಟ್ಟವರಲ್ಲ. ನನ್ನೆದುರೇ ನಾಲ್ಕು ಕಡೆ ಫೋನ್ ಮಾಡಿದರು. ನಾಲ್ಕು ಕಡೆಯಿಂದಲೂ ಒಂದೇ ಉತ್ತರ: ಏರಿದ್ದನ್ನು ತಿದ್ದಲು ಬರುವುದಿಲ್ಲ, ಮುಂದಿನ ವರ್ಷ ನೋಡೋಣ. ಮುಂದಿನ ವರ್ಷ ಇವರೆಲ್ಲಿ ಹತ್ತನೆಯ ತರಗತಿಯಲ್ಲಿರುತ್ತಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಗಾದೆಯಲ್ಲಿ ಕೇಳಿದ್ದೆ. ಮೂವತ್ತೆಂಟು ಬರೆಗಳನ್ನು ಅವತ್ತು ಕಣ್ಣಾರೆ ಕಂಡೆ.

ಆಮೇಲೆ ಸಾರ್ ಅವರನ್ನು ಕರೆಸಿದರು. ನಾನು ಎದ್ದು ಹೋಗಲು ನೋಡಿದೆ, ಕೂತುಕೊಳ್ಳಿ ಅಂದರು.

ವಿಷಯ ಕೇಳಿ ಸಾರ್ ನಕ್ಕರು. “ನಾನು ಪಾಠ ಮುಂದುವರಿಸಿಲ್ವಾ? ಇವಳನ್ನೇ ಕೇಳಿ ಮೇಡಂ. ನನ್ನ ಶಿಷ್ಯೆ. ಪ್ರತಿ ವಾರ ನನ್ನ ಕ್ಲಾಸಲ್ಲಿ ಕೂತಿದಾಳೆ, ಸಹಿ ಹಾಕಿದಾಳೆ. ಹೇಳಮ್ಮಾ.”

“ನಾನು ಕೂತಿರ್ಲಿಲ್ಲ ಸಾರ್. ಸುಮ್ನೆ ಸಹಿ ಹಾಕ್ತಿದ್ದೆ.”

ಅವರ ನಗು ಮುಖದ ಮೇಲೆ ಹಾಗೇ ಇತ್ತು, ತೆಗೆಯಲು ಮರೆತವರ ಹಾಗೆ. “ಮತ್ತೆ ನಾನು? ನಾನು ನಿನ್ನ ಕ್ಲಾಸಿಗೆ ಬಂದು ಕೂರ್ತಿದ್ನಲ್ಲ?”

“ಇಲ್ಲ ಸಾರ್. ನೀವೂ ಬರ್ತಿರ್ಲಿಲ್ಲ.”

ಹೆಡ್ ಮೇಡಂ ಪುಟಗಳನ್ನು ಒಂದೊಂದಾಗಿ ತೋರಿಸಿದರು. ಸಾರ್ ಕನ್ನಡಕ ಹಾಕಿಕೊಂಡು ನೋಡಿದರು. ಹತ್ತು ಹನ್ನೆರಡು ಪುಟ ಆದಮೇಲೆ ಸಾಕು ಎಂದು ಕೈ ಮಾಡಿದರು. “ಮಕ್ಕಳು ಏನೂ ಅನ್ಲಿಲ್ವಾ?” ಎಂದು ನನ್ನನ್ನು ಕೇಳಿದರು.

“ಪ್ರತಿ ಸಲ ಹೊಸ ಪುಟದಲ್ಲಿ ಬರ್ಕೊಂಡ್ರು ಸಾರ್.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಮಕ್ಕಳನ್ನು ಯಾವ ಪಟ್ಟಿಗೆ ಹಾಕಿದ್ದಾರೆ ಎಂದು ಹೇಳಿದಾಗ ಅವರ ಗಂಟಲಿನಿಂದ ಬಂದ ಸದ್ದನ್ನು ನಾನು ಬರೆಯಲಾರೆ.

ಸಾರ್ ಅವರಿಗೆ ಅನಾರೋಗ್ಯದ ರಜೆ ಎಂದು ಕಾಗದ ಆಯಿತು. ಫಾರಮ್ಮುಗಳ ವಿಷಯ ಅಲ್ಲೇ ಮುಗಿಯಿತು. ನನ್ನನ್ನು ಹಿಡಿದರೆ ಇಡೀ ಸ್ಟಾಫ್ ರೂಮನ್ನೇ ಹಿಡಿಯಬೇಕಿತ್ತಲ್ಲ. ಹೊಸ ಹಾಳೆಗೆ ಏನು ಬರೆಯಲಿ ಎಂದು ಕೇಳಿದಾಗ, “ಮಾಮೂಲಿ ಬರೀರಿ,” ಅಂದರು ಹೆಡ್ ಮೇಡಂ. ಮಾಮೂಲಿ ಬರೆದೆ. ಬರೆಯದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಅಷ್ಟು ಧೈರ್ಯವೂ ನನ್ನಲ್ಲಿ ಉಳಿದಿರಲಿಲ್ಲ.

ಸೋಮವಾರ ಬೆಳಿಗ್ಗೆ ಗೇಟಿನ ಬಳಿ ಸಾರ್ ನಿಂತಿದ್ದರು. ಇಸ್ತ್ರಿ ಅಂಗಿ, ಕೈಯಲ್ಲಿ ಚೀಲ. ರಸ್ತೆಯ ಆಚೆ ಬದಿಯಲ್ಲಿ ಅವರ ಹೆಂಡತಿ ನಿಂತು, ತಡೆಯೋಕೆ ಆಗಲಿಲ್ಲ ಎಂಬಂತೆ ನನಗೆ ಕೈ ಮುಗಿದರು. “ಏನಮ್ಮಾ, ನಮ್ಮ ಬಿ ಸೆಕ್ಷನ್ ರಿಸಲ್ಟ್ ಬಂತಾ?” ಎಂದು ಸಾರ್ ಕೇಳಿದರು. ಇನ್ನು ಸುಳ್ಳು ಹೇಳಬಾರದು ಎಂದು ತೀರ್ಮಾನಿಸಿದ್ದೆ. ಹೇಳಿದೆ, ಎಲ್ಲ ಹೇಳಿದೆ. ಅವರು ಗೇಟಿನ ಕಟ್ಟೆಯ ಮೇಲೆ ಕುಸಿದು ಕೂತರು, ಮೊದಲ ಸಲ ಕೇಳಿದವರ ಹಾಗೆ. ಅವರ ಪಾಲಿಗೆ ಅದು ಮೊದಲ ಸಲವೇ. ಮಂಗಳವಾರವೂ ಬಂದರು, ಕೇಳಿದರು, ಹೇಳಿದೆ. ಅದೇ ಕಟ್ಟೆ, ಅದೇ ಗಂಟಲಿನ ಸದ್ದು.

ಬುಧವಾರ ಅವರು ಕೇಳಿದಾಗ ನನ್ನ ಬಾಯಿ ತೆರೆಯಲೇ ಇಲ್ಲ. ಲೀಡರ್ ಹುಡುಗಿ ಅದೇ ಹೊತ್ತಿಗೆ ಗೇಟಿನೊಳಗೆ ಬಂದಳು. ಸರಳ ಗಣಿತದ ತೆಳು ಪುಸ್ತಕ ಕೈಯಲ್ಲಿತ್ತು. ಸಾರ್ ಅವರನ್ನು ಕಂಡು ಅದನ್ನು ಬೆನ್ನ ಹಿಂದೆ ಸರಿಸಿದಳು.

“ಇನ್ನೂ ಬಂದಿಲ್ಲ ಸಾರ್,” ಅಂದಳು.

“ಬರ್ಲಿ ಬಿಡು ಮಗಾ. ನಿಮ್ಮಲ್ಲಿ ಒಬ್ಬರೂ ಹಿಂದೆ ಬೀಳಲ್ಲ, ನಂಗೊತ್ತು.”

“ಹೌದು ಸಾರ್.”

ಸಾರ್ ಖುಷಿಯಿಂದ ಅವಳ ತಲೆ ಸವರಿದರು. ಅವರ ಹೆಂಡತಿ ಬಂದು, ಇವತ್ತು ಶಾಲೆಗೆ ರಜೆಯಂತೆ ಎಂದು ಕರೆದುಕೊಂಡು ಹೋದರು. ಅವರು ರಸ್ತೆ ತಿರುಗುವವರೆಗೂ ಹುಡುಗಿ ಪುಸ್ತಕವನ್ನು ಬೆನ್ನ ಹಿಂದೆಯೇ ಹಿಡಿದು ನಿಂತಿದ್ದಳು. ಬೆಲ್ ಆಯಿತು. ಅವಳು ಹಿತ್ತಲ ಕಡೆಯ ಸರಳ ಗಣಿತದ ಕೋಣೆಗೆ ನಡೆದಳು. ನನ್ನ ಮುಖ ಮಾತ್ರ ನೋಡಲಿಲ್ಲ.