ಮೇಸ್ತ್ರಿ ಹೇಳಿದ್ದು

ಜೀಪಿನ ಹಿಂದಿನ ಆಕ್ಸಲ್ ಬಿಚ್ಚಿದಾಗ ಒಳಗಿನ ಸಣ್ಣ ಹಲ್ಲುಚಕ್ರಗಳು ಮುರಿದು ಎಣ್ಣೆಯ ತಳದಲ್ಲಿ ಬಿದ್ದಿದ್ದವು. ಗ್ಯಾರೇಜಿನಲ್ಲಿ ಕೆಲಸ ಮಾಡುವ ಗ್ರೀಸಣ್ಣ ಒಂದು ಚೂರನ್ನು ಬಟ್ಟೆಯಲ್ಲಿ ಒರೆಸಿ ಅವಳ ಅಂಗೈ ಮೇಲಿಟ್ಟ.

"ಇಷ್ಟು ದಿನ ಎಳೆದಿದ್ದೇ ಹೆಚ್ಚು ಅಕ್ಕಾ," ಅಂದ. "ಹೇಗೂ ಒಳಗಿನ ಸಾಮಾನು ಪೂರ್ತಿ ಬದಲಾಯಿಸ್ಬೇಕು. ಮತ್ತೆ ಅದೇ ಥರದ್ದು ಹಾಕೋದು ಬೇಡ. ಆ ಗುಡ್ಡದ ಜೇಡಿಮಣ್ಣಲ್ಲಿ ಒಂದು ಚಕ್ರ ಸುಮ್ನೆ ಗಿರಗಿರ ತಿರುಗ್ತಾ ನಿಂತುಬಿಡುತ್ತಲ್ಲ, ಅದಕ್ಕೊಂದು ಗತಿ ಕಾಣಿಸೋಣ."

ಅವಳು ಆ ಜೀಪನ್ನು ಓಡಿಸಲು ಶುರು ಮಾಡಿದ್ದು ಮದುವೆಯಾದ ಹೊಸದರಲ್ಲಿ. ಗುಡ್ಡದ ಮೇಲಿನ ಆಸ್ಪತ್ರೆಗೂ ಶಾಲೆಗೂ ದಿನಾ ಬೆಳಿಗ್ಗೆ ನರ್ಸಮ್ಮ, ಮೇಷ್ಟ್ರುಗಳು, ಲಸಿಕೆಯ ತಂಪುಪೆಟ್ಟಿಗೆ ಎಲ್ಲವೂ ಅವಳ ಜೀಪಿನಲ್ಲೇ ಹೋಗಬೇಕು. ಊರಿಗೆಲ್ಲ ಅವಳು ಡ್ರೈವರಕ್ಕ. ಗಂಡನದು ಮನೆ ಪಕ್ಕದಲ್ಲೇ ಗ್ಯಾರೇಜು, ಅವನನ್ನು ಎಲ್ಲರೂ ಕರೆಯುತ್ತಿದ್ದುದು ಮೇಸ್ತ್ರಿ ಅಂತ. ಅವಳೇನಾದರೂ ಬಾನೆಟ್ ಎತ್ತಿ ಇಣುಕಿದರೆ, "ನೀನು ರೋಡ್ ನೋಡ್ಕೋ, ಕೆಳಗಿಂದು ನಾನು ನೋಡ್ಕೋತೀನಿ," ಎನ್ನುತ್ತಿದ್ದ. ಅವಳಿಗೂ ಅದೇ ಬೇಕಿತ್ತು. ಗಾಡಿ ಎಲ್ಲಿ ಕೊಸರಿತು, ಯಾವ ಏರಿನಲ್ಲಿ ಸದ್ದು ಮಾಡಿತು ಅಂತ ಊಟದ ಹೊತ್ತಿಗೆ ಹೇಳಿದರೆ ಸಾಕು, ಮರುದಿನ ಅದು ಸರಿಯಾಗಿರುತ್ತಿತ್ತು.

ಹೋದ ಬೇಸಿಗೆಯಲ್ಲಿ ಮೇಸ್ತ್ರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಅವುಗಳ ಜೊತೆ ಮಾತೂ ಹೋಯಿತು, ಒಂದು ಮಾತು ಬಿಟ್ಟು. ಹಸಿವಾದರೂ "ಆಯ್ತು", ಸಿಟ್ಟು ಬಂದರೂ "ಆಯ್ತು", ಕಿಟಕಿ ಮುಚ್ಚಬೇಕಾದರೂ "ಆಯ್ತು". ತಲೆಯಾಡಿಸುವುದನ್ನೂ ನಂಬುವ ಹಾಗಿರಲಿಲ್ಲ. ಟೀ ಬೇಕಾ ಅಂದರೆ ಹೂಂ ಎಂಬಂತೆ ಆಡಿಸುವನು, ಬೇಡವಾ ಅಂದರೂ ಹಾಗೇ ಆಡಿಸುವನು. ಎಡಗೈಗೆ ಪೆನ್ನು ಕೊಟ್ಟು ನೋಡಿದ್ದೂ ಆಗಿತ್ತು. ಸೊನ್ನೆ ಸುತ್ತಿ ಸುತ್ತಿ ಕಾಗದ ಹರಿದಿದ್ದ.

"ಒಳಗೆ ಎಲ್ಲಾ ಇದೆ ಅಮ್ಮ," ಎಂದಿದ್ದರು ಡಾಕ್ಟರು. "ಹೊರಗೆ ಬರೋ ದಾರಿ ಮುಚ್ಚಿಹೋಗಿದೆ. ತೆರೀಬಹುದು, ತೆರೀದೇನೂ ಇರಬಹುದು."

ಬಿಡಿಭಾಗಗಳ ಅಂಗಡಿಯವರು ಮೇಸ್ತ್ರಿಯ ಹಳೆಯ ಪರಿಚಯ. ಅವಳನ್ನು ಕೂರಿಸಿ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಎರಡು ಬಗೆಯ ಸಾಮಾನುಗಳನ್ನು ಕೌಂಟರಿನ ಮೇಲಿಟ್ಟರು. ಎರಡೂ ಒಂದೇ ಗಾತ್ರದ ಕಬ್ಬಿಣದ ಮುದ್ದೆಗಳ ಹಾಗೆ ಕಂಡವು.

"ಇದು ಲಿಮಿಟೆಡ್ ಸ್ಲಿಪ್. ಒಂದು ಚಕ್ರ ಜಾರಿದ್ರೆ ಇನ್ನೊಂದಕ್ಕೆ ಸ್ವಲ್ಪ ಬಲ ತಾನೇ ಕೊಡುತ್ತೆ. ನೀವೇನೂ ಮಾಡ್ಬೇಕಿಲ್ಲ. ತಿರುವಲ್ಲಿ ತಕರಾರಿಲ್ಲ. ಆದ್ರೆ ಒಂದು ಚಕ್ರ ಪೂರ್ತಿ ನೆಲ ಬಿಟ್ಟು ಎದ್ರೆ ಇದರ ಕೈಲಾಗಲ್ಲ. ಇದು ಲಾಕರ್. ಸ್ವಿಚ್ ಒತ್ತಿದ್ರೆ ಎರಡು ಚಕ್ರಾನೂ ಒಂದೇ ಆಗ್ಬಿಡುತ್ತೆ. ಒಂದು ಗಾಳೀಲಿದ್ರೂ ಇನ್ನೊಂದು ಎಳ್ಕೊಂಡು ಹೋಗುತ್ತೆ. ಆದ್ರೆ ಲಾಕ್ ಇದ್ದಾಗ ಗಾಡಿ ತಿರುಗಲ್ಲ ಅನ್ನುತ್ತೆ. ನೀವು ಸ್ಟೇರಿಂಗ್ ತಿರುಗಿಸಿದ್ರೂ ನೆಟ್ಟಗೆ ಹೋಗುತ್ತೆ."

"ನನಗೆ ಯಾವುದು ಸರಿ?"

"ನಿಮ್ಮ ದಾರಿ ಎಂಥದು ಅನ್ನೋದರ ಮೇಲೆ."

ಅವಳ ದಾರಿ ಎರಡೂ ಥರದ್ದು. ಡಾಂಬರು ಮುಗಿದು ಏರು ಶುರುವಾದ ಕೂಡಲೇ ಮಳೆನೀರು ಕೊರೆದ ಕೊರಕಲು, ಅಲ್ಲಿ ಒಂದು ಹಿಂಚಕ್ರ ಗಾಳಿಯಲ್ಲಿ ತೂಗುತ್ತದೆ. ಅದನ್ನು ದಾಟಿ ಉಸಿರು ಬಿಡುವಷ್ಟರಲ್ಲಿ ತಿರುವು, ತಿರುವಿನಾಚೆ ಚರಂಡಿ. ಕೊರಕಲಿಗೆ ಲಾಕರ್ ಬೇಕು, ತಿರುವಿಗೆ ಲಾಕರ್ ಬೇಡ. ಹಾಗೆಂದು ಹೇಳಿದಾಗ ಅಂಗಡಿಯವರು ಕನ್ನಡಕ ತೆಗೆದು ಒರೆಸತೊಡಗಿದರು.

"ನನ್ನ ಕೇಳಿದ್ರೆ ಲಿಮಿಟೆಡ್ ಸ್ಲಿಪ್ಪು," ಅಂದರು ಕೊನೆಗೆ. "ಆದ್ರೆ ನಾನು ಆ ಗುಡ್ಡ ಹತ್ತಿದೋನಲ್ಲ."

ಗ್ರೀಸಣ್ಣ ಹತ್ತಿದವನು. ಅವನು ಲಾಕರ್ ಅಂದ. ಆದರೆ ಅವನು ಹತ್ತಿದ್ದು ಪಕ್ಕದ ಸೀಟಿನಲ್ಲಿ ಕೂತು, ಸ್ಟೇರಿಂಗ್ ಹಿಡಿದಲ್ಲ. "ಮೇಸ್ತ್ರಿ ಇದ್ದಿದ್ರೆ..." ಎಂದು ಶುರು ಮಾಡಿ, ಇದ್ದಾರಲ್ಲ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಅದಕ್ಕೇ ಅವಳು ಎರಡನ್ನೂ ಮನೆಗೆ ತರಿಸಿದಳು. ನೋಡಿ ವಾಪಸು ಕೊಡಿ, ಅವಸರವಿಲ್ಲ ಎಂದು ಅಂಗಡಿಯವರು ಕಳಿಸಿಕೊಟ್ಟರು. ಗ್ರೀಸಣ್ಣ ಒಂದೊಂದನ್ನೇ ಹೊತ್ತು ತಂದು, ಕಿಟಕಿಯ ಪಕ್ಕದ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ ಇಟ್ಟ. ಮೇಸ್ತ್ರಿಯ ತಂಗಿ, ಈಗ ಅಣ್ಣನನ್ನು ನೋಡಿಕೊಳ್ಳಲು ಬಂದಿದ್ದವಳು, ಬಾಗಿಲಲ್ಲಿ ನಿಂತು ನೋಡಿದಳು.

"ಏನತ್ತಿಗೆ ಇದು?"

"ಇದು ಲಾಕರ್."

"ಒಳಗೆ ಇಡೋಕೆ ನಮ್ಮ ಹತ್ರ ಏನಿದೆ ಅಂತ?" ಎಂದಳು. ಗ್ರೀಸಣ್ಣ ನಕ್ಕ. ಮೇಸ್ತ್ರಿಯೂ ನಕ್ಕ. ನಗು ಮಾತ್ರ ಅವನಿಗೆ ಸರಿಯಾದ ಜಾಗದಲ್ಲೇ ಬರುತ್ತಿತ್ತು.

ಅವಳು ಗಂಡನ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ತಳ್ಳಿ, ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು. "ನೋಡ್ರೀ, ಇದು ಲಿಮಿಟೆಡ್ ಸ್ಲಿಪ್ಪು, ಇದು ಲಾಕರ್. ನಮ್ಮ ಗುಡ್ಡಕ್ಕೆ ಯಾವುದು ಹಾಕ್ಸಲಿ? ಬೇಕಾದ್ದರ ಮೇಲೆ ಕೈ ಇಡಿ, ಸಾಕು."

ಅವನು ಎಡಗೈಯನ್ನು ಮೊದಲನೆಯದರ ಮೇಲಿಟ್ಟ. ಅವಳು ಉಸಿರು ಬಿಡುವಷ್ಟರಲ್ಲಿ ಎರಡನೆಯದರ ಮೇಲಿಟ್ಟ. ಆಮೇಲೆ ಮತ್ತೆ ಮೊದಲನೆಯದಕ್ಕೆ ಬಂದು ಬೆರಳಿನಿಂದ ಹಲ್ಲುಗಳನ್ನು ಒಂದೊಂದಾಗಿ ಸವರಿದ. ಇಷ್ಟು ವರ್ಷದಲ್ಲಿ ಅವನ ಉಗುರು ಇಷ್ಟು ಬೆಳ್ಳಗಿದ್ದುದನ್ನು ಅವಳು ನೋಡಿರಲಿಲ್ಲ.

"ಆಯ್ತು," ಎಂದು ಶುರು ಮಾಡಿದ.

ಅವತ್ತು ಅವನು ನಿಲ್ಲಿಸಲಿಲ್ಲ. ಆಯ್ತು, ಆಯ್ತು ಆಯ್ತು, ಎಂದು ಗುಡ್ಡದ ಬುಡದಿಂದ ಹೊರಟವನಂತೆ ಹೇಳುತ್ತ ಹೋದ. ನಡುವೆ ದನಿ ತಗ್ಗಿಸಿ ಎಚ್ಚರಿಕೆ ಕೊಟ್ಟ. ಒಂದು ಕಡೆ ಪ್ರಶ್ನೆ ಕೇಳಿ ತಾನೇ ಉತ್ತರ ಕೊಟ್ಟುಕೊಂಡ. ಲಾಕರನ್ನು ತಟ್ಟಿ ಏನೋ ತಮಾಷೆಯನ್ನೂ ಮಾಡಿದ. ಅಂಗೈಯನ್ನು ಮೇಜಿಗೆ ಒತ್ತಿ ಮೆಲ್ಲಗೆ ಎತ್ತಿದ, ಮತ್ತೆ ಒತ್ತಿದ, ಮತ್ತೆ ಎತ್ತಿದ, ಅವಳ ಮುಖವನ್ನೇ ನೋಡುತ್ತ. ಹಿಂದೆ ಗ್ಯಾರೇಜಿನಲ್ಲಿ ಹೊಸಬರಿಗೆ ಕೆಲಸ ಹೇಳಿಕೊಡುವಾಗ ಇದ್ದ ದನಿ ಅದೇ. ಏರಿಳಿತ ಅದೇ, ನಿಲ್ಲಿಸಿ ಗಂಟಲು ಸರಿಮಾಡಿಕೊಳ್ಳುವುದೂ ಅದೇ. ಮಾತುಗಳು ಮಾತ್ರ ಇರಲಿಲ್ಲ.

ಅವಳು ರೆಪ್ಪೆ ಬಡಿಯದೆ ಕೇಳಿದಳು. ಗ್ರೀಸಣ್ಣ ಗೋಡೆ ಕಡೆ ತಿರುಗಿ ನಿಂತ. ಕೊನೆಗೆ ಮೇಸ್ತ್ರಿ ಕುರ್ಚಿಗೆ ಒರಗಿ, ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡು, ತಿಳೀತಾ ಎನ್ನುವ ಹಾಗೆ ಹುಬ್ಬೇರಿಸಿದ.

"ತಿಳೀತು ರೀ," ಅಂದಳು.

ಅವನ ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ಅವನು ಅವತ್ತು ತಟ್ಟೆ ಮುಂದೆ ಚಾಚಿ ಮತ್ತೆ ಹಾಕಿಸಿಕೊಂಡು ಊಟ ಮಾಡಿದ.

ಹಿತ್ತಲಲ್ಲಿ ಬಟ್ಟೆ ತೆಗೆಯುವಾಗ ನಾದಿನಿ ಕೇಳಿದಳು, "ಯಾವುದು ಅಂದ ಅಣ್ಣ?"

"ಗೊತ್ತಾಗ್ಲಿಲ್ಲ ಕಣೇ."

"ಮತ್ತೆ ತಿಳೀತು ಅಂದೆ?"

"ಇನ್ನೇನು ಅನ್ಲಿ?"

ಲಾಕರ್ ಹಾಕಿಸಿದಳು. ತಟ್ಟಿ ತಮಾಷೆ ಮಾಡಿದ್ದು ಅದನ್ನಲ್ಲವೇ, ಇಷ್ಟವಾಗದ್ದನ್ನು ಯಾರಾದರೂ ತಟ್ಟುತ್ತಾರೆಯೇ ಎಂದು ತನಗೆ ತಾನೇ ಹೇಳಿಕೊಂಡಳು. ತಟ್ಟಿ ಬಯ್ಯುವುದೂ ಅವನ ಅಭ್ಯಾಸವೇ ಎಂಬುದು ಅವಳಿಗೆ ಗೊತ್ತಿತ್ತು.

ಜೀಪು ಸಿದ್ಧವಾದ ದಿನ ಗಂಡನನ್ನು ಕುರ್ಚಿಸಮೇತ ಅಂಗಳಕ್ಕೆ ತಂದರು. ಅವಳು ಸ್ವಿಚ್ ಒತ್ತಿ ತೋರಿಸಿದಳು. ಹಿಂದೆ ಟಕ್ಕೆಂದು ಸದ್ದಾಯಿತು. ಮೇಸ್ತ್ರಿ ಕಿವಿಗೊಟ್ಟು ಕೇಳಿದ. ಆಮೇಲೆ "ಆಯ್ತು" ಅಂದ. ಒಪ್ಪಿಗೆಯೋ, ಕೆಲಸ ಕೆಟ್ಟಿತೆಂದೋ, ಅವನ ಮುಖ ನೋಡಿಯೂ ಅವಳಿಗೆ ಹೇಳಲಾಗಲಿಲ್ಲ.

ಮೊದಮೊದಲು ಎಲ್ಲ ಸುಸೂತ್ರವಾಗಿಯೇ ನಡೆಯಿತು. ಕೊರಕಲಿಗೆ ಬಂದಾಗ ಲಾಕ್, ದಾಟಿದ ಕೂಡಲೇ ಲಾಕ್ ತೆಗೆದು ತಿರುವು. ಚಕ್ರ ಗಾಳಿಯಲ್ಲಿ ತೂಗುತ್ತಿದ್ದರೂ ಜೀಪು ಹತ್ತುವುದನ್ನು ನೋಡಿ ಮೇಷ್ಟ್ರುಗಳು ಹಿಂದಿನಿಂದ ಚಪ್ಪಾಳೆ ತಟ್ಟಿದರು. ಇನ್ನು ಇಳಿದು ತಳ್ಳಬೇಕಾಗಿಲ್ಲವೆಂದು ನರ್ಸಮ್ಮ ಹೊಸ ಚಪ್ಪಲಿ ಹಾಕಿಕೊಂಡು ಬರತೊಡಗಿದರು.

ಒಂದು ಬೆಳಿಗ್ಗೆ ಹೊರಟಾಗ, ಹಿಂದಿನ ದಿನ ಚೆನ್ನಾಗಿ ಮಳೆ ಬಿದ್ದು ದಾರಿಯೆಲ್ಲ ಕೆಸರಾಗಿತ್ತು. ಕೊರಕಲು ದಾಟಿ ಅವಳು ಸ್ವಿಚ್ ಆಫ್ ಮಾಡಿದಳು. ಮಾಡಿದ್ದು ಅವಳಿಗೆ ಸರಿಯಾಗಿ ನೆನಪಿದೆ. ಆದರೆ ಏರು ಕಡಿದಾಗಿತ್ತು, ಜಾರಬಾರದೆಂದು ಆಕ್ಸಿಲರೇಟರ್ ಒತ್ತಿಹಿಡಿದೇ ಇದ್ದಳು. ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ಎಳೆದಳು. ಮುಂದಿನ ಚಕ್ರಗಳು ತಿರುಗಿದವು, ಜೀಪು ತಿರುಗಲಿಲ್ಲ. ಹಿಂದಿನಿಂದ ಯಾರೋ ತಳ್ಳಿದ ಹಾಗೆ ನೆಟ್ಟಗೆ ಜಾರಿಕೊಂಡು ಹೋಯಿತು. ಬ್ರೇಕ್ ಒತ್ತಿದಳು. ಕೆಸರಿನ ಮೇಲೆ ಬ್ರೇಕಿಗೆ ಏನು ಬೆಲೆ? ಅವಳ ಕೈಗಳು ಸ್ಟೇರಿಂಗ್ ಮೇಲಿದ್ದವು, ಕಾಲು ಬ್ರೇಕಿನ ಮೇಲಿತ್ತು. ಮಾಡಬೇಕಾದ್ದನ್ನೆಲ್ಲ ಮಾಡುತ್ತ ಅವಳು ಚರಂಡಿ ಹತ್ತಿರ ಬರುವುದನ್ನು ನೋಡುತ್ತಿದ್ದಳು.

ಜೀಪು ಚರಂಡಿಗಿಳಿದು ಒಂದು ಮಗ್ಗುಲಿಗೆ ವಾಲಿ ನಿಂತಿತು. ಮೇಷ್ಟ್ರುಗಳಿಗೆ ತರಚು ಗಾಯ. ನರ್ಸಮ್ಮನ ಮುಂಗೈ ಮುರಿದಿತ್ತು. ಅವರು ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, "ಲಸಿಕೆ ಪೆಟ್ಟಿಗೆ ಮುಚ್ಚಳ ತೆರೆದಿದೆಯಾ ನೋಡಿ," ಎಂದು ಕೇಳಿದರು.

ಜೀಪನ್ನು ಎತ್ತಿಸಿ ತಂದ ಮೇಲೆ ಗ್ರೀಸಣ್ಣ ಕೆಳಗೆ ತೂರಿ ನೋಡಿ ಬಂದ. "ಏನೂ ಕೆಟ್ಟಿಲ್ಲ ಅಕ್ಕಾ. ಆಫ್ ಮಾಡಿದ ತಕ್ಷಣ ಬಿಡಲ್ಲ ಅದು. ಒತ್ತಡ ಇರೋವರೆಗೂ ಕಚ್ಕೊಂಡೇ ಇರುತ್ತೆ. ಆಕ್ಸಿಲರೇಟರ್ ಮೇಲಿಂದ ಒಂದು ಗಳಿಗೆ ಕಾಲು ಎತ್ಬೇಕು, ಆಗ ಬಿಡುತ್ತೆ."

"ನೀನು ಹೇಳ್ಲೇ ಇಲ್ಲ."

ಅವನು ತಲೆ ತಗ್ಗಿಸಿದ. "ಮೇಸ್ತ್ರಿ ಹೇಳಿರ್ತಾರೆ ಅಂದ್ಕೊಂಡೆ. ಅಂದ್ರೆ, ತಿಳೀತು ಅಂದ್ರಲ್ಲ ನೀವು."

ಅವಳು ಒಳಗೆ ಹೋಗಿ ಗಂಡನ ಮುಂದೆ ಕೂತಳು. ಅಂಗೈಯನ್ನು ಮೇಜಿಗೆ ಒತ್ತಿ ಮೆಲ್ಲಗೆ ಎತ್ತಿ ತೋರಿಸಿದಳು. "ಅವತ್ತು ಹೀಗೆ ಮಾಡಿದ್ರಲ್ಲ. ಕಾಲೆತ್ತು ಅಂತಾನಾ? ಇಲ್ಲಾ ಲಾಕರ್ ಎತ್ತಿಡು, ಬೇಡ ಅಂತಾನಾ?"

ಅವನು ಜೀಪು ವಾಲಿದಾಗ ಪೆಟ್ಟು ಬಿದ್ದು ಅವಳ ಹಣೆಯ ಮೇಲೆದ್ದಿದ್ದ ಊತವನ್ನೇ ನೋಡುತ್ತಿದ್ದ. ಎಡಗೈ ಚಾಚಿ ಅದನ್ನು ಮುಟ್ಟಿದ. "ಆಯ್ತು," ಅಂದ, "ಆಯ್ತು, ಆಯ್ತು." ಅವನ ಕಣ್ಣು ತುಂಬಿತ್ತು.

ಬೇಕಾದರೆ ಬಿಚ್ಚಿ ಇನ್ನೊಂದನ್ನು ಹಾಕೋಣ ಎಂದ ಗ್ರೀಸಣ್ಣ. ಹಾಕಿದರೆ ಕೊರಕಲು ದಾಟುತ್ತದೆಯೇ ಎಂದು ಕೇಳಿದಳು. ದಾಟುವುದಿಲ್ಲವೆಂದು ಅವನು ತಲೆಯಾಡಿಸಿದ. ಕಾಲೆತ್ತುವುದನ್ನು ಅಭ್ಯಾಸ ಮಾಡಿದರಾಯಿತು ಅಂದ. ಅವಳು ಖಾಲಿ ಜೀಪಿನಲ್ಲಿ ಹೋಗಿ ಪ್ರಯತ್ನಿಸಿದಳು. ಕಾಲೆತ್ತಿದ ಗಳಿಗೆಯಲ್ಲಿ ಜೀಪು ಹಿಂದಕ್ಕೆ ಜಾರಿತು, ಕಾಲು ತಾನಾಗಿಯೇ ಮತ್ತೆ ಒತ್ತಿತು. ಎಷ್ಟು ಸಲ ಮಾಡಿದರೂ ಅಷ್ಟೇ. ತಲೆ ಹೇಳಿದ್ದನ್ನು ಕಾಲು ಕೇಳಲಿಲ್ಲ.

ಈಗ ಅವಳು ಡಾಂಬರು ಮುಗಿಯುವಲ್ಲಿ ಜೀಪು ನಿಲ್ಲಿಸುತ್ತಾಳೆ. ಎಲ್ಲರೂ ಇಳಿದು ನಡೆಯುತ್ತಾರೆ. ನರ್ಸಮ್ಮನ ಕೈಗೆ ಇನ್ನೂ ಬ್ಯಾಂಡೇಜು ಇರುವುದರಿಂದ ತಂಪುಪೆಟ್ಟಿಗೆಯನ್ನು ಅವಳೇ ಸೊಂಟದ ಮೇಲಿಟ್ಟುಕೊಂಡು ಹತ್ತುತ್ತಾಳೆ. ಹುಲ್ಲಿರುವ ಅಂಚಿನಲ್ಲಿ ಕಾಲಿಡಿ ಎಂದು ಮೇಷ್ಟ್ರು ಮುಂದಿನಿಂದ ಹೇಳುತ್ತಾರೆ. ತಿರುವಿನ ಹತ್ತಿರ ಏದುಸಿರು ಬರುತ್ತದೆ. ಅವಳು ಗಳಿಗೆಹೊತ್ತು ನಿಂತು, ಪೆಟ್ಟಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಮುಂದೆ ಹೋಗುತ್ತಾಳೆ.